ಹಸಿರಾದ ಬ್ಲೂಬೆರಿ, ಕೆಂಪಾದ ನಿಂಬೆ

ಕಳೆದ ಜುಲೈ ತಿಂಗಳಲ್ಲಿ, ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗಳು ತಾನು ಮನೆಯಲ್ಲಿ ಬೇಕ್ ಮಾಡಿದ ನಿಂಬೆ ಮತ್ತು ಬ್ಲೂಬೆರಿ ಬ್ರೆಡ್ಡಿನ ಚಿತ್ರವೊಂದನ್ನು ಕಳುಹಿಸಿದ್ದಳು. ಕತ್ತರಿಸಿದ ಹೋಳಿನಲ್ಲಿ ಪ್ರತಿಯೊಂದು ಹಣ್ಣಿನ ಸುತ್ತಲೂ ಪಾಚಿ ಬಣ್ಣದ ಉಂಗುರವೊಂದು ಮೂಡಿತ್ತು. "ಮಾಮ, ಓವನ್‌ನಿಂದ ತೆಗೆದು ಒಂದು ಗಂಟೆಯೂ ಆಗಿಲ್ಲ, ಇಷ್ಟು ಬೇಗ ಬೂಷ್ಟು ಹಿಡಿಯುತ್ತದೆಯೇ?" ಎಂದು ಕೇಳಿದ್ದಳು. ಮನೆಗೆ ಬಂದಿದ್ದ ಹಿರಿಯರೊಬ್ಬರು, ಅಂಗಡಿಯವರು ಹಣ್ಣಿಗೆ ಬಣ್ಣದ ಚುಚ್ಚುಮದ್ದು ಕೊಟ್ಟಿರುತ್ತಾರೆ, ಮಕ್ಕಳಿಗೆ ಇದನ್ನು ತಿನ್ನಿಸಬೇಡಿ ಎಂದು ಎಚ್ಚರಿಸಿದ್ದರಂತೆ. ನಾನು ಉತ್ತರ ಬರೆಯುವಷ್ಟರಲ್ಲಿ ಅರ್ಧ ಬ್ರೆಡ್ಡು ಕಸದ ಬುಟ್ಟಿಯನ್ನು ಸೇರಿತ್ತು. ಏನೂ ಕೆಡದಿದ್ದ, ಯಾವ ಮೋಸವೂ ಇಲ್ಲದ ತಿನಿಸು ಕೇವಲ ತನ್ನ ಬಣ್ಣದಿಂದಾಗಿ ಬುಟ್ಟಿಗೆ ಬಿದ್ದದ್ದು ನನಗೆ ನಿಜವಾಗಿಯೂ ನೋವಿನ ಸಂಗತಿ. ಏಕೆಂದರೆ ಆ ಹಸಿರು ಉಂಗುರ, ರಸಾಯನಶಾಸ್ತ್ರದ ಅತ್ಯಂತ ಹಳೆಯ ಮತ್ತು ಅತ್ಯಂತ ಸುಂದರವಾದ ಪ್ರಯೋಗಗಳಲ್ಲೊಂದು ಅವಳ ಅಡುಗೆಮನೆಯಲ್ಲಿ ತಾನಾಗಿಯೇ ನಡೆದುದರ ಗುರುತಾಗಿತ್ತು.

ಅವಳ ಅಳತೆಗಳನ್ನು ಕೇಳಿ ತಿಳಿದುಕೊಂಡೆ. ಅರ್ಧ ಟೀ ಚಮಚ ಅಡುಗೆ ಸೋಡಾ, ಎರಡು ಟೀ ಚಮಚ ನಿಂಬೆರಸ, ಒಂದು ಕಪ್ ಮಜ್ಜಿಗೆ ಎಂದು ಪಾಕವಿಧಾನದಲ್ಲಿತ್ತು. ಮಜ್ಜಿಗೆ ಮುಗಿದಿದ್ದರಿಂದ ಅವಳು ಹಾಲು ಹಾಕಿದ್ದಳು. ಮಜ್ಜಿಗೆ ರುಚಿಗಾಗಿ ಮಾತ್ರ ಇರುವುದೆಂದು ಭಾವಿಸಿದ್ದಳು. ಆದರೆ ಇಂತಹ ಬ್ರೆಡ್ಡಿನಲ್ಲಿ ಈಸ್ಟ್ ಇರುವುದಿಲ್ಲ. ಹೆಸರು ಬ್ರೆಡ್ ಎಂದಿದ್ದರೂ ಅದು ಉಬ್ಬುವುದು ಸೋಡಾ ಮತ್ತು ಆಮ್ಲ ಕೂಡಿದಾಗ ಹೊರಬರುವ ಇಂಗಾಲದ ಡೈಆಕ್ಸೈಡಿನಿಂದ. ಮಂಗಳೂರು ಬನ್ಸ್ ಮಾಡುವವರು ಬಾಳೆಹಣ್ಣಿನ ಜೊತೆ ಮೊಸರನ್ನೂ ಚಿಟಿಕೆ ಸೋಡಾವನ್ನೂ ಹಾಕುವುದರ ಹಿಂದಿರುವುದೂ ಇದೇ ಲೆಕ್ಕ. ಅರ್ಧ ಚಮಚ ಸೋಡಾ ಎಂದರೆ ಸುಮಾರು 2.5 ಗ್ರಾಂ. ಅದನ್ನು ಪೂರ್ತಿ ತಟಸ್ಥಗೊಳಿಸಲು ಸುಮಾರು 1.9 ಗ್ರಾಂ ಸಿಟ್ರಿಕ್ ಆಮ್ಲ ಬೇಕು. ನಿಂಬೆರಸದಲ್ಲಿ ಸಿಟ್ರಿಕ್ ಆಮ್ಲ ಶೇಕಡಾ 5ರಿಂದ 6ರಷ್ಟಿರುತ್ತದೆ ಎಂದು ಹಿಡಿದರೆ 30ರಿಂದ 40 ಮಿಲಿಲೀಟರ್ ರಸ ಬೇಕಾಯಿತು. ಅವಳು ಹಾಕಿದ್ದು 10 ಮಿಲಿಲೀಟರ್. ಉಳಿದ ಹುಳಿಯನ್ನು ಒದಗಿಸಬೇಕಾಗಿದ್ದ ಮಜ್ಜಿಗೆಯೇ ಇಲ್ಲದ್ದರಿಂದ, ಹಾಕಿದ ಸೋಡಾದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಜೊತೆಗಾರನಿಲ್ಲದೆ ಹಿಟ್ಟಿನಲ್ಲಿ ಉಳಿಯಿತು. ಹೀಗೆ ಉಳಿದ ಸೋಡಾ ಓವನ್ನಿನ ಬಿಸಿಗೆ ಒಡೆದು ಸೋಡಿಯಂ ಕಾರ್ಬೊನೇಟ್ ಆಗುತ್ತದೆ. ಅಂದರೆ ಬಟ್ಟೆ ಒಗೆಯಲು ಬಳಸುವ ವಾಷಿಂಗ್ ಸೋಡಾ. ಅದರ ಕ್ಷಾರಗುಣ ಅಡುಗೆ ಸೋಡಾಕ್ಕಿಂತಲೂ ತೀಕ್ಷ್ಣವಾದದ್ದು. ಸೋಡಾ ಹೆಚ್ಚಾದ ಕೇಕಿನಲ್ಲಿ ಸಾಬೂನಿನ ಒಗರು ಬರುವುದು ಇದರಿಂದಲೇ.

ಈಗ ಹಣ್ಣಿನ ಕಡೆಗೆ ಬರೋಣ. ಬ್ಲೂಬೆರಿ, ಬ್ಲ್ಯಾಕ್‌ಬೆರಿ, ಸ್ಟ್ರಾಬೆರಿ, ನಮ್ಮ ನೇರಳೆ, ಹಿಪ್ಪುನೇರಳೆ, ಕರಾವಳಿಯ ಪುನರ್ಪುಳಿ, ಅಂಗಳದ ಕೆಂಪು ದಾಸವಾಳ, ಇವೆಲ್ಲಕ್ಕೂ ಬಣ್ಣ ಕೊಡುವುದು ಒಂದೇ ಕುಟುಂಬಕ್ಕೆ ಸೇರಿದ ವರ್ಣದ್ರವ್ಯಗಳು. 1835ರಲ್ಲಿ ಜರ್ಮನಿಯ ಔಷಧಶಾಸ್ತ್ರಜ್ಞ ಲುಡ್ವಿಗ್ ಮಾರ್ಕ್ವಾರ್ಟ್, ಗ್ರೀಕ್ ಭಾಷೆಯ ಹೂವು ಮತ್ತು ಕಡುನೀಲಿ ಎಂಬ ಅರ್ಥದ ಪದಗಳನ್ನು ಕೂಡಿಸಿ ಇಟ್ಟ ಹೆಸರಿನಿಂದ ಇಂದು ನಾವು ಅವನ್ನು ಆಂಥೋಸಯಾನಿನ್‌ಗಳೆಂದು ಕರೆಯುತ್ತೇವೆ. ಆದರೆ ಹೆಸರು ಬರುವ ಮೊದಲೇ ಅವುಗಳ ಗುಣ ತಿಳಿದಿತ್ತು. ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ 1664ರಲ್ಲಿ ಬಣ್ಣಗಳ ಕುರಿತು ಪ್ರಕಟಿಸಿದ ಗ್ರಂಥದಲ್ಲಿ, ವಯೋಲೆಟ್ ಹೂವಿನಿಂದ ಮಾಡಿದ ನೀಲಿ ಪಾಕಕ್ಕೆ ಆಮ್ಲ ಸೇರಿಸಿದರೆ ಕೆಂಪಾಗುವುದನ್ನೂ ಕ್ಷಾರ ಸೇರಿಸಿದರೆ ಹಸಿರಾಗುವುದನ್ನೂ ವಿವರಿಸಿದ್ದಾನೆ. ಅದಕ್ಕಿಂತ ಮುಖ್ಯವಾಗಿ, ಯಾವುದೇ ದ್ರವ ಆಮ್ಲವೇ ಕ್ಷಾರವೇ ಎಂದು ನಾಲಿಗೆಯ ಸಹಾಯವಿಲ್ಲದೆ ಕಣ್ಣಿನಿಂದಲೇ ನಿರ್ಧರಿಸಲು ಇದನ್ನು ಬಳಸಬಹುದೆಂದು ಕಂಡುಕೊಂಡ. ನ್ಯೂಜೆರ್ಸಿಯ ಬ್ರೆಡ್ಡಿನಲ್ಲಿ ಕಂಡ ಹಸಿರು ಬಾಯ್ಲ್ ಕಂಡ ಅದೇ ಹಸಿರು.

ಈ ಬಣ್ಣದ ಬದಲಾವಣೆ ಒಳಗಿನಿಂದ ಹೇಗೆ ನಡೆಯುತ್ತದೆ ಎಂಬುದು ನನಗೆ ಎಷ್ಟು ಬಾರಿ ಹೇಳಿದರೂ ಸಾಲದ ವಿಷಯ. ಆಂಥೋಸಯಾನಿನ್ ಅಣುವಿನಲ್ಲಿ ಪರಮಾಣುಗಳ ಉಂಗುರಗಳು ಒಂದಕ್ಕೊಂದು ಜೋಡಿಕೊಂಡಿದ್ದು, ಕೆಲವು ಎಲೆಕ್ಟ್ರಾನುಗಳು ಯಾವ ಒಂದು ಪರಮಾಣುವಿಗೂ ಅಂಟಿಕೊಳ್ಳದೆ ಇಡೀ ಅಣುವಿನ ಉದ್ದಕ್ಕೂ ಓಡಾಡುತ್ತವೆ. ವೀಣೆಯ ತಂತಿಯನ್ನು ನೆನೆಯಿರಿ. ಮಿಡಿಯುವ ತಂತಿಯ ಉದ್ದ ಹೆಚ್ಚಿದಷ್ಟೂ ಸ್ವರ ಮಂದ್ರಕ್ಕಿಳಿಯುತ್ತದೆ; ಮೆಟ್ಟಿಲ ಮೇಲೆ ಬೆರಳೊತ್ತಿ ಉದ್ದವನ್ನು ಕುಗ್ಗಿಸಿದರೆ ಸ್ವರ ಏರುತ್ತದೆ. ಎಲೆಕ್ಟ್ರಾನುಗಳಿಗೂ ಹಾಗೆಯೇ, ಓಡಾಡುವ ಹಾದಿ ಸಲೀಸಾದಷ್ಟೂ ಅವು ಕಡಿಮೆ ಶಕ್ತಿಯ ಬೆಳಕಿಗೆ ಸ್ಪಂದಿಸಿ ಅದನ್ನು ಹೀರಿಕೊಳ್ಳುತ್ತವೆ. ಹುಳಿಯಾದ ಪರಿಸರದಲ್ಲಿ ಅಣುವಿನ ಮೇಲೆ ಹೆಚ್ಚುವರಿ ಪ್ರೋಟಾನ್ ಒಂದು ಬೆರಳಿನಂತೆ ಒತ್ತಿ ಕುಳಿತಿರುತ್ತದೆ. ಆಗ ಅಣು ಸುಮಾರು 520 ನ್ಯಾನೋಮೀಟರ್ ತರಂಗಾಂತರದ ಹಸಿರು ಬೆಳಕನ್ನು ಹೀರಿಕೊಂಡು ನಮ್ಮ ಕಣ್ಣಿಗೆ ಕೆಂಪಾಗಿ ಕಾಣುತ್ತದೆ. ಕ್ಷಾರ ಬಂದು ಪ್ರೋಟಾನನ್ನು ಕಿತ್ತೊಯ್ದರೆ ಬೆರಳು ತಂತಿಯಿಂದ ಎದ್ದಂತೆ. ಹೀರುವ ಬೆಳಕು 600 ನ್ಯಾನೋಮೀಟರಿನ ಸುತ್ತ, ಅಂದರೆ ಕಡಿಮೆ ಶಕ್ತಿಯ ಕಿತ್ತಳೆಯ ಕಡೆಗೆ, ಇಳಿಯುತ್ತದೆ. ಕಿತ್ತಳೆಯನ್ನು ಕಳೆದುಕೊಂಡ ಬೆಳಕು ನೀಲಿಯಾಗಿ ಕಾಣುತ್ತದೆ.

ತಂತಿಯ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ, ಏಕೆಂದರೆ ಮುಂದಿನ ಹಂತದಲ್ಲಿ ತಂತಿಯೇ ಕಡಿಯುತ್ತದೆ. ಅದಕ್ಕೆ ಕೋಲಾಟದ ವೃತ್ತವನ್ನು ನೆನೆಯುವುದು ಲೇಸು. ಕೋಲಿಗೆ ಕೋಲು ತಾಗಿಸುತ್ತ ಸುತ್ತುವವರ ನಡುವೆ ಹೊರಗಿನವನೊಬ್ಬ ನುಗ್ಗಿ ನಿಂತರೆ ಲಯ ಅಲ್ಲಿಗೇ ತಪ್ಪುತ್ತದೆ. ನೀರಿನ ಅಣುವೊಂದು ಆಂಥೋಸಯಾನಿನ್ನಿನ ನಡುವಣ ಉಂಗುರಕ್ಕೆ ಹೀಗೆ ಅಂಟಿಕೊಂಡಾಗ ಎಲೆಕ್ಟ್ರಾನುಗಳ ಓಟ ತುಂಡಾಗಿ ಬಣ್ಣವೇ ಮಾಯವಾಗುತ್ತದೆ. ಸ್ವಲ್ಪವೇ ಹುಳಿಯಿರುವ ದ್ರಾವಣಗಳಲ್ಲಿ ಹಣ್ಣಿನ ರಸ ಪೇಲವವಾಗುವುದು ಈ ಕಾರಣದಿಂದ. ಕ್ಷಾರ ಮತ್ತಷ್ಟು ಹೆಚ್ಚಿದರೆ ವೃತ್ತವೇ ಬಿಚ್ಚಿಕೊಂಡು ಉದ್ದನೆಯ ಸಾಲಾಗುತ್ತದೆ. ಆ ಬಿಚ್ಚಿದ ರೂಪದ ಬಣ್ಣ ಹಳದಿ. ಹಿಟ್ಟಿನಲ್ಲಿ ನೀಲಿ ರೂಪದ ಅಣುಗಳೂ ಹಳದಿ ರೂಪದ ಅಣುಗಳೂ ಒಟ್ಟಿಗೆ ಇರುತ್ತವೆ. ಸಾಲದ್ದಕ್ಕೆ ಗೋಧಿಯ ಮೈದಾದಲ್ಲಿರುವ ಫ್ಲೇವೊನಾಯ್ಡ್‌ಗಳೆಂಬ ಸಸ್ಯದ್ರವ್ಯಗಳು ಕ್ಷಾರದಲ್ಲಿ ತಾವೂ ಹಳದಿಗೆ ತಿರುಗುತ್ತವೆ. ಜಪಾನಿನ ರಾಮೆನ್ ನೂಡಲ್ಸಿಗೆ ಮೊಟ್ಟೆಯಿಲ್ಲದೆಯೂ ಹಳದಿ ಛಾಯೆ ಬರುವುದು ಹೀಗೆ. ನೀಲಿಯೂ ಹಳದಿಯೂ ಕೂಡಿದರೆ ಹಸಿರು. ಬ್ರೆಡ್ಡಿನ ಪಾಚಿ ಬಣ್ಣದ ಗುಟ್ಟು ಇಷ್ಟೇ.

ಈ ವಿವರಣೆಯನ್ನು ಎಲ್ಲ ಕಡೆಗೂ ಕಣ್ಣುಮುಚ್ಚಿ ಅನ್ವಯಿಸಬಾರದು. ಜರ್ಮನಿಯ ರಿಚರ್ಡ್ ವಿಲ್‌ಸ್ಟೇಟರ್, ಸಸ್ಯವರ್ಣಗಳ ಅಧ್ಯಯನಕ್ಕಾಗಿ 1915ರ ರಸಾಯನಶಾಸ್ತ್ರದ ನೊಬೆಲ್ ಪಡೆದವನು, ಕೆಂಪು ಗುಲಾಬಿಯಲ್ಲೂ ನೀಲಿ ಕಾರ್ನ್‌ಫ್ಲವರಿನಲ್ಲೂ ಇರುವುದು ಒಂದೇ ವರ್ಣದ್ರವ್ಯವೆಂದು ಕಂಡುಹಿಡಿದ. ಹಾಗಾದರೆ ನೀಲಿ ಹೂವಿನ ರಸ ಕ್ಷಾರವಾಗಿರಬೇಕು ಎಂದು ತರ್ಕಿಸಿದ. ತರ್ಕ ಸೊಗಸಾಗಿತ್ತು, ಆದರೆ ಆ ಹೂವಿನ ರಸ ಕ್ಷಾರವಾಗಿರಲಿಲ್ಲ. ಅದರ ನೀಲಿಗೆ ಕಬ್ಬಿಣ, ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಅಯಾನುಗಳ (ವಿದ್ಯುದಾವೇಶ ಹೊತ್ತ ಪರಮಾಣುಗಳ) ಸುತ್ತ ವರ್ಣದ್ರವ್ಯಗಳು ಹೆಣೆದುಕೊಂಡಿರುವುದು ಕಾರಣವೆಂದು 2005ರಲ್ಲಿ ಜಪಾನಿನ ವಿಜ್ಞಾನಿಗಳು ಅದರ ಪೂರ್ಣ ರಚನೆಯನ್ನೇ ಬಿಡಿಸಿ ತೋರಿಸಿದರು. ನೊಬೆಲ್ ಪಡೆದವನ ಮಾತನ್ನೂ ಪರೀಕ್ಷೆಗೆ ಒಡ್ಡಿ ತಿದ್ದಬಲ್ಲ ಈ ಗುಣವನ್ನೇ ನಾನು ವಿಜ್ಞಾನದಲ್ಲಿ ಹೆಚ್ಚಾಗಿ ಗೌರವಿಸುತ್ತೇನೆ. ಅಡುಗೆಮನೆಗೂ ಇದರಲ್ಲೊಂದು ಪಾಠವಿದೆ: ಲೋಹದ ಅಯಾನುಗಳೂ ಹಣ್ಣಿನ ಬಣ್ಣವನ್ನು ನೀಲಿಯತ್ತ ಎಳೆಯಬಲ್ಲವು, ಆದ್ದರಿಂದ ನಿಂಬೆರಸ ಬೆರೆಸಿದ ಬೆರಿಗಳನ್ನು ಬರಿ ಅಲ್ಯೂಮಿನಿಯಂ ಅಥವಾ ಕಬ್ಬಿಣದ ಪಾತ್ರೆಯಲ್ಲಿ ಹೊತ್ತುಗಟ್ಟಲೆ ಇಡದೆ ಗಾಜಿನ ಇಲ್ಲವೇ ಸ್ಟೀಲಿನ ಬಟ್ಟಲಲ್ಲಿ ಇಡುವುದು ಒಳ್ಳೆಯದು.

ಬ್ಲೂಬೆರಿಗೂ ಹುಳಿಗೂ ಇರುವ ನಂಟು ಮಣ್ಣಿನಿಂದಲೇ ಆರಂಭವಾಗುತ್ತದೆ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಅಮೆರಿಕದಲ್ಲಿ ಈ ಹಣ್ಣನ್ನು ಕಾಡಿನಿಂದ ಆರಿಸಿ ತರುತ್ತಿದ್ದರು. ಫಲವತ್ತಾದ ತೋಟದ ಮಣ್ಣಿನಲ್ಲಿ, ಸುಣ್ಣ ಗೊಬ್ಬರ ಹಾಕಿ ಎಷ್ಟು ಅಕ್ಕರೆಯಿಂದ ನೆಟ್ಟರೂ ಗಿಡ ಸೊರಗಿ ಸಾಯುತ್ತಿತ್ತು. ಅಮೆರಿಕದ ಕೃಷಿ ಇಲಾಖೆಯ ಸಸ್ಯವಿಜ್ಞಾನಿ ಫ್ರೆಡರಿಕ್ ಕೊವಿಲ್, ಈ ಗಿಡಕ್ಕೆ ಹುಳಿಮಣ್ಣೇ ಬೇಕೆಂಬುದನ್ನು ಪ್ರಯೋಗಗಳಿಂದ ಸ್ಥಾಪಿಸಿ 1910ರಲ್ಲಿ ಪ್ರಕಟಿಸಿದ. ಅದನ್ನು ಓದಿದ ಎಲಿಜಬೆತ್ ವೈಟ್ ಎಂಬ ಮಹಿಳೆ, ನ್ಯೂಜೆರ್ಸಿಯ ಪೈನ್ ಬ್ಯಾರೆನ್ಸ್ ಪ್ರದೇಶದ ವೈಟ್ಸ್‌ಬಾಗ್‌ನಲ್ಲಿದ್ದ ತಮ್ಮ ಕುಟುಂಬದ ತೋಟದಲ್ಲಿ ಪ್ರಯೋಗ ಮುಂದುವರಿಸಲು ಅವನನ್ನು ಆಹ್ವಾನಿಸಿದಳು. ಕಾಡು ಬಲ್ಲ ಸ್ಥಳೀಯರಿಗೆ ಅಳತೆಪಟ್ಟಿ ಕೊಟ್ಟು, ದಪ್ಪ ಹಣ್ಣು ಬಿಡುವ ಗಿಡಗಳನ್ನು ಹುಡುಕಿಸಿ, ಪ್ರತಿ ಗಿಡಕ್ಕೂ ಅದನ್ನು ಹುಡುಕಿದವರ ಹೆಸರನ್ನೇ ಇಟ್ಟಳು. ರೂಬ್ ಲೀಕ್ ಎಂಬಾತ ತೋರಿಸಿದ ಗಿಡದಿಂದ ಬಂದ ರೂಬೆಲ್ ತಳಿ ಇಂದಿಗೂ ಬೆಳೆಯುತ್ತಿದೆ. 1916ರಲ್ಲಿ ಇವರ ಮೊದಲ ಬೆಳೆ ಮಾರುಕಟ್ಟೆಗೆ ಬಂದಿತು. ನನ್ನ ಸೋದರ ಸೊಸೆ ಕೊಂಡ ಹಣ್ಣು ಅದೇ ರಾಜ್ಯದ ಬೆಳೆ. ಅಂಗಡಿಯಲ್ಲಿ ಸಿಗುವ ಈ ದಪ್ಪ ಹಣ್ಣುಗಳಲ್ಲಿ ಬಣ್ಣವೆಲ್ಲ ಹೆಚ್ಚುಕಡಿಮೆ ಸಿಪ್ಪೆಯಲ್ಲೇ ಇದ್ದು ತಿರುಳು ಬೆಳ್ಳಗಿರುತ್ತದೆ. ಆದ್ದರಿಂದ ಇಡೀ ಹಣ್ಣನ್ನು ಮೆಲ್ಲಗೆ ಬೆರೆಸಿದರೆ ಬಣ್ಣ ಅಷ್ಟಾಗಿ ಹರಡುವುದಿಲ್ಲ. ಹೆಪ್ಪುಗಟ್ಟಿಸಿದ ಹಣ್ಣಿನಲ್ಲಾದರೋ ಮಂಜಿನ ಹರಳುಗಳು ಜೀವಕೋಶಗಳನ್ನು ಹರಿದಿರುತ್ತವೆ. ಕರಗಿಸಿ ಹಾಕಿದರೆ ರಸವೆಲ್ಲ ಹಿಟ್ಟಿಗೆ ಇಳಿಯುತ್ತದೆ. ಅದನ್ನು ಫ್ರೀಜರಿನಿಂದ ತೆಗೆದ ಕೂಡಲೇ ಕೊನೆಯಲ್ಲಿ ಸೇರಿಸಬೇಕು.

ನಿಂಬೆಯ ವಿಷಯದಲ್ಲಿ ಒಂದು ಮಾತು ಸಾಕು. ಹುಳಿ ಇರುವುದು ರಸದಲ್ಲಿ, ಪರಿಮಳ ಇರುವುದು ಸಿಪ್ಪೆಯ ಹಳದಿ ಭಾಗದ ಎಣ್ಣೆಯಲ್ಲಿ. ಆ ಎಣ್ಣೆಯ ಬಹುಭಾಗ ಲಿಮೊನೀನ್ ಆದರೂ ನಿಂಬೆಯೆಂದು ಮೂಗಿಗೆ ಗುರುತು ಕೊಡುವುದು ಅಲ್ಪ ಪ್ರಮಾಣದಲ್ಲಿರುವ ಸಿಟ್ರಾಲ್. ಬ್ರೆಡ್ಡಿನಲ್ಲಿ ನಿಂಬೆಯ ಸುವಾಸನೆ ಸಾಲದೆಂದು ರಸ ಹೆಚ್ಚಿಸುವುದಕ್ಕಿಂತ, ಹಳದಿ ಸಿಪ್ಪೆಯನ್ನು ಸಣ್ಣಗೆ ತುರಿದು ಸಕ್ಕರೆಯೊಡನೆ ಉಜ್ಜಿ ಬೆಣ್ಣೆಗೆ ಸೇರಿಸಬೇಕು. ಇಂಡಿ ತಾಲ್ಲೂಕಿನ ನಮ್ಮ ಸಣ್ಣ ಲಿಂಬೆ ಅಮೆರಿಕದ ದಪ್ಪ ಲೆಮನ್ನಿನಿಂದ ಬೇರೆಯದೇ ಆದ ಜಾತಿಯಾದರೂ ಈ ನಿಯಮ ಎರಡಕ್ಕೂ ಒಂದೇ.

ಇಷ್ಟು ದೀರ್ಘವಾಗಿ ಬಣ್ಣದ ಕಥೆ ಹೇಳಲು ನನಗೆ ಇನ್ನೊಂದು ಕಾರಣವಿದೆ. ನಮ್ಮ ಊರುಗಳಲ್ಲಿ ನಿಂಬೆಹಣ್ಣು ಕೊಯ್ದಾಗ ರಕ್ತ ಸುರಿಯಿತೆಂದು, ಮನೆಗೆ ಮಾಟ ಮಾಡಿಸಿದ್ದಾರೆಂದು ಹೇಳಿ ಹೆದರಿದವರಿಂದ ಹಣ ಕೀಳುವವರು ಇನ್ನೂ ಇದ್ದಾರೆ. ದಾಸವಾಳದ ಎಸಳುಗಳನ್ನು ಚಾಕುವಿನ ಅಲಗಿಗೆ ಚೆನ್ನಾಗಿ ಉಜ್ಜಿ ಒಣಗಿಸಿದರೆ ಅದರ ಆಂಥೋಸಯಾನಿನ್ ಅಲಗಿನ ಮೇಲೆ ಉಳಿಯುತ್ತದೆ. ನಿಂಬೆ ಕೊಯ್ದ ಕ್ಷಣದಲ್ಲಿ ಹುಳಿ ತಾಗಿ ರಸ ಕೆಂಪಾಗುತ್ತದೆ. ಬ್ಲೂಬೆರಿಯ ಸುತ್ತ ಹಸಿರು ಮೂಡಿಸಿದ ಕ್ರಿಯೆಯೇ ಇಲ್ಲಿ ಎದುರು ದಿಕ್ಕಿನಲ್ಲಿ ನಡೆಯುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗಾಗಿ ಸಮಿತಿಯೊಂದನ್ನು ರಚಿಸಿದ ನಾಡು ನಮ್ಮದು. ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಕೆಂಪು ಆರತಿ ಮಾಡುವ ಮನೆಯವರಿಗೆ, ಬಣ್ಣ ಬದಲಾಗಲು ಮಾಟ ಬೇಕಿಲ್ಲವೆಂಬುದು ಕೈಯಾರೆ ಗೊತ್ತಿರುವ ಸತ್ಯ. ಅಲ್ಲಿ ಬದಲಾಗುವುದು ಆಂಥೋಸಯಾನಿನ್ ಅಲ್ಲ, ಕರ್ಕ್ಯುಮಿನ್. ಆದರೂ ಪಾಠ ಅದೇ. ಆ ತಿಳಿವಳಿಕೆ ಆರತಿ ತಟ್ಟೆಯಿಂದ ಚಾಕುವಿನ ಅಲಗಿಗೂ ಕೇಕಿನ ಹೋಳಿಗೂ ದಾಟದೆ ಹೋಗಿರುವುದೇ ನನ್ನ ಆತಂಕ.

ಅಕ್ಕನ ಮಗಳಿಗೆ ನಾನು ಎರಡು ದಾರಿ ಬರೆದು ತಿಳಿಸಿದೆ. ಸೋಡಾ ಬಳಸುವುದಾದರೆ ಪಾಕವಿಧಾನದಲ್ಲಿ ಹೇಳಿದ ಮಜ್ಜಿಗೆಯನ್ನೇ, ಅದೂ ಚೆನ್ನಾಗಿ ಹುಳಿಯಾದದ್ದನ್ನು, ಹಾಕಬೇಕು. ಹಿಟ್ಟು ಕಲಸಿದ ಮೇಲೆ ತಡಮಾಡದೆ ಓವನ್ನಿಗೆ ಇಡಬೇಕು, ಏಕೆಂದರೆ ಸೋಡಾ ಮತ್ತು ಹುಳಿ ಸೇರಿದ ಕೂಡಲೇ ಅನಿಲ ಹೊರಹೋಗತೊಡಗುತ್ತದೆ. ಇಲ್ಲವಾದರೆ, ಸೋಡಾದ ಜೊತೆಗೆ ತಕ್ಕಷ್ಟು ಒಣ ಆಮ್ಲವೂ ಸೇರಿರುವ ಬೇಕಿಂಗ್ ಪೌಡರ್ ಬಳಸಬಹುದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್, ತನ್ನ ಹೆಂಡತಿಗೆ ಈಸ್ಟ್ ಒಗ್ಗದ್ದರಿಂದ, 1843ರಲ್ಲಿ ರೂಪಿಸಿದ ಮಿಶ್ರಣ ಅದರ ಪೂರ್ವಜರಲ್ಲೊಂದು. ಇನ್ನು ಒಂದು ವಿಷಯ: ಹುಳಿಯಲ್ಲಿ ಬೇಯುವ ಹಿಟ್ಟು ಬೇಗನೆ ಕೆಂಬಣ್ಣಕ್ಕೆ ತಿರುಗುವುದಿಲ್ಲ, ಆದ್ದರಿಂದ ಮೇಲ್ಭಾಗ ಪೇಲವವಾಗಿ ಕಂಡರೂ ಕಡ್ಡಿ ಚುಚ್ಚಿ ನೋಡಿಯೇ ಬೆಂದಿದೆಯೇ ಎಂದು ತೀರ್ಮಾನಿಸಬೇಕು.

ಜೊತೆಗೆ, ಬುಟ್ಟಿಗೆ ಬೀಳದೆ ಉಳಿದಿದ್ದ ಅರ್ಧ ಬ್ರೆಡ್ಡಿನ ಒಂದು ಹೋಳಿನ ಮೇಲೆ, ಹಸಿರು ಉಂಗುರ ಇರುವಲ್ಲಿಯೇ, ನಾಲ್ಕು ಹನಿ ನಿಂಬೆರಸ ಹಿಂಡಿ ನೋಡಲು ಹೇಳಿದೆ. ಹತ್ತು ನಿಮಿಷದಲ್ಲಿ ಇನ್ನೊಂದು ಚಿತ್ರ ಬಂತು. ಹನಿ ಬಿದ್ದ ಕಡೆಯೆಲ್ಲ ಪಾಚಿಯ ಬಣ್ಣ ಅಳಿಸಿ, ನೇರಳೆ ತಿಂದ ಮಕ್ಕಳ ನಾಲಿಗೆಯಂತೆ ಕೆನ್ನೇರಳೆಯ ಕಲೆ ಮೂಡಿತ್ತು. ಚಿತ್ರದ ಅಂಚಿನಲ್ಲಿ, ಮುಂದಿನ ಹನಿ ಹಿಂಡಲು ನಿಂಬೆಯ ಹೋಳು ಹಿಡಿದು ಕಾಯುತ್ತಿದ್ದ ಅವಳ ಮಗನ ಕೈ ಕಾಣುತ್ತಿತ್ತು.