ಕ್ಯಾಂಪಸ್ಸಿನ ಕಾರ್ಬನ್ ಲೆಕ್ಕ: ಅಂಕಿ ಹಿಡಿದು ಬಿಲ್ಲಿನವರೆಗೆ ಹೋಗುವುದು

ಒಂದು ಕಾಲೇಜು "ನಮ್ಮ ಹೊರಸೂಸುವಿಕೆ ವರ್ಷಕ್ಕೆ 2,000 ಟನ್" ಎಂದು ವರದಿ ಹಾಕಿದರೆ, ಓದುವವರು ಅದು ಜಾಸ್ತಿಯೋ ಕಮ್ಮಿಯೋ ಅಂತ ನೋಡುತ್ತಾರೆ. ಪರಿಶೀಲನೆಗೆ ಬಂದವರು ನೋಡುವುದೇ ಬೇರೆ. ಈ ಅಂಕಿ ಹಿಡಿದು ಹಿಂದಕ್ಕೆ ಹೋಗುತ್ತಾ ಹೋದರೆ ಕೊನೆಗೆ ಒಂದು ಬಿಲ್ಲೋ, ಮೀಟರೋ, ರಿಜಿಸ್ಟರಿನ ಸಾಲೋ ಸಿಗುತ್ತದಾ? ಸಿಕ್ಕರೆ ಅದು ಲೆಕ್ಕ. ಸಿಗದಿದ್ದರೆ ಅದು ಅಂದಾಜು, ಮತ್ತು ಅಂದಾಜು ಅಂತಲೇ ಬರೆದಿರಬೇಕು. ಈ ಟಿಪ್ಪಣಿಯನ್ನು ಆ ದಾರಿ ಹಿಡಿದೇ ಬರೆದಿದ್ದೇನೆ. ಸೂತ್ರ ಒಂದೇ ಸಾಲಿನದು: ಬಳಸಿದ ಪ್ರಮಾಣ ಗುಣಿಸು ಎಮಿಷನ್ ಫ್ಯಾಕ್ಟರ್, ಅಂದರೆ ಒಂದು ಲೀಟರಿಗೋ ಒಂದು ಯೂನಿಟ್ಟಿಗೋ ಎಷ್ಟು ಕಾರ್ಬನ್ ಡೈಆಕ್ಸೈಡ್ ಬರುತ್ತದೆ ಅನ್ನುವ ಅಂಕಿ. ಕಷ್ಟ ಇರುವುದು ಗುಣಾಕಾರದಲ್ಲಿ ಅಲ್ಲ, ಗುಣಿಸುವ ಮುಂಚೆ.

ಗಡಿ

ಮೊದಲು ತೀರ್ಮಾನ ಆಗಬೇಕಾದ್ದು "ನಮ್ಮದು" ಯಾವುದು ಅನ್ನೋದು. ಹಸಿರುಮನೆ ಅನಿಲಗಳ ಲೆಕ್ಕಕ್ಕೆ ಜಗತ್ತಿನ ಹೆಚ್ಚಿನ ಸಂಸ್ಥೆಗಳು ಅನುಸರಿಸುವ ನಿಯಮಾವಳಿ, ಜಿಎಚ್‌ಜಿ ಪ್ರೋಟೋಕಾಲ್, 2001ರಲ್ಲಿ ಬಂತು, 2004ರಲ್ಲಿ ಪರಿಷ್ಕರಣೆ ಆಯಿತು. ಗಡಿ ಎಳೆಯಲು ಅದು ಮೂರು ದಾರಿ ಕೊಡುತ್ತದೆ: ಪಾಲುದಾರಿಕೆಯ ಪ್ರಕಾರ, ಹಣಕಾಸಿನ ಹಿಡಿತದ ಪ್ರಕಾರ, ಇಲ್ಲವೇ ಕಾರ್ಯಾಚರಣೆಯ ಹಿಡಿತದ ಪ್ರಕಾರ. ಕಾಲೇಜುಗಳಿಗೆ ಸಾಮಾನ್ಯವಾಗಿ ಹೊಂದುವುದು ಕೊನೆಯದು. ದಿನನಿತ್ಯ ಹೇಗೆ ನಡೆಸಬೇಕು ಅಂತ ಹೇಳುವ ಅಧಿಕಾರ ಯಾರಿಗಿದೆಯೋ ಅವರ ಲೆಕ್ಕಕ್ಕೆ ಅದು ಬರುತ್ತದೆ.

ಕೇಳಲು ಸುಲಭ. ಕ್ಯಾಂಪಸ್ ಒಳಗೆ ಕಾಲಿಟ್ಟ ಮೇಲೆ ಗೊತ್ತಾಗುತ್ತದೆ. ಕ್ಯಾಂಟೀನ್ ನಡೆಸುವವರು ಗುತ್ತಿಗೆದಾರರು, ಗ್ಯಾಸ್ ಸಿಲಿಂಡರ್ ಅವರೇ ತರುತ್ತಾರೆ. ಒಂದು ಹಾಸ್ಟೆಲ್ ಬಾಡಿಗೆ ಕಟ್ಟಡ. ಗೇಟಿನ ಹತ್ತಿರ ಒಂದು ಬ್ಯಾಂಕ್ ಶಾಖೆ, ಆದರೆ ಅದರ ಕರೆಂಟು ಕಾಲೇಜಿನ ಮೀಟರಿನಿಂದಲೇ ಹೋಗುತ್ತದೆ. ಇವು ಒಳಗೋ ಹೊರಗೋ? ಪುಸ್ತಕದಲ್ಲಿ ಒಂದೇ ಉತ್ತರ ಹುಡುಕಬೇಡಿ. ಏನು ತೀರ್ಮಾನ ಮಾಡಿದಿರಿ, ಯಾಕೆ ಮಾಡಿದಿರಿ ಅಂತ ಬರೆದಿಡಬೇಕು, ಮುಂದಿನ ವರ್ಷವೂ ಅದನ್ನೇ ಪಾಲಿಸಬೇಕು. ಒಂದು ವರ್ಷ ಕ್ಯಾಂಟೀನ್ ಸೇರಿಸಿ ಮರುವರ್ಷ ಸದ್ದಿಲ್ಲದೆ ಬಿಟ್ಟರೆ, ವರದಿಯಲ್ಲಿ "ಇಳಿಕೆ" ಕಾಣುತ್ತದೆ, ಒಲೆ ಮಾತ್ರ ಉರಿಯುತ್ತಲೇ ಇರುತ್ತದೆ.

ಸ್ಕೋಪ್‌ಗಳನ್ನು, ಅಂದರೆ ಹೊರಸೂಸುವಿಕೆಯನ್ನು ಹಂಚಿಡುವ ಮೂರು ಗುಂಪುಗಳನ್ನು, ಬಹುಪಾಲು ಎಲ್ಲರೂ ಓದಿರುತ್ತೀರಿ, ಬೇಗ ಮುಗಿಸೋಣ. ಕಾಲೇಜಿನ ಹಿಡಿತದಲ್ಲೇ ಉರಿದದ್ದು, ಸೋರಿದ್ದು ಸ್ಕೋಪ್ 1: ಜನರೇಟರ್, ಕಾಲೇಜಿನ ಬಸ್ಸು, ಬಾಯ್ಲರ್, ಎಸಿ ಗ್ಯಾಸ್. ಕೊಂಡ ವಿದ್ಯುತ್ತು ಸ್ಕೋಪ್ 2. ಉಳಿದ ಪರೋಕ್ಷದ್ದೆಲ್ಲ ಸ್ಕೋಪ್ 3, ಅದರಲ್ಲಿ 15 ವಿಭಾಗಗಳಿವೆ. ಒಂದು ತಮಾಷೆ ಏನೆಂದರೆ, ಈ ವಿಭಾಗಗಳನ್ನು ಮಾಡಿದ್ದು ಕಂಪನಿಗಳ ಲೆಕ್ಕಕ್ಕೆ. ಸಿಬ್ಬಂದಿ ಮನೆಯಿಂದ ಬಂದು ಹೋಗುವುದಕ್ಕೆ ಒಂದು ವಿಭಾಗ ಇದೆ, ವಿದ್ಯಾರ್ಥಿಗಳ ಓಡಾಟಕ್ಕೆ ಅಂತ ಪ್ರತ್ಯೇಕ ವಿಭಾಗ ಇಲ್ಲ. ಕಾಲೇಜಿಗೆ ಬರುವವರಲ್ಲಿ ಅವರೇ ಜಾಸ್ತಿ ಅಲ್ವಾ? ಹಾಗಾಗಿ ಕಾಲೇಜುಗಳು ಅದನ್ನೂ ಸೇರಿಸಿ ತೋರಿಸುತ್ತವೆ.

ಡೀಸೆಲ್: ಎರಡು ಕಡೆಯಿಂದ ಎಣಿಸುವುದು

ಒಂದು ಕಾಲ್ಪನಿಕ ಕಾಲೇಜು ತೆಗೆದುಕೊಳ್ಳಿ. ವರ್ಷದಲ್ಲಿ ಜನರೇಟರಿಗೆ ಅಂತ 6,000 ಲೀಟರ್ ಡೀಸೆಲ್ ಕೊಂಡ ಬಿಲ್ಲುಗಳಿವೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಎರಡನ್ನೂ ಗುಣಿಸಿ 16.1 ಟನ್ ಅಂತ ಬರೆದು ಎದ್ದು ಹೋಗುವವರೇ ಹೆಚ್ಚು.

ಆದರೆ ಕೊಂಡದ್ದು ಬೇರೆ, ಉರಿಸಿದ್ದು ಬೇರೆ. ವರ್ಷದ ಮೊದಲ ದಿನ ಟ್ಯಾಂಕಿನಲ್ಲಿ 800 ಲೀಟರ್ ಇತ್ತು, ಕೊನೆಯ ದಿನ 500 ಉಳಿದಿದೆ ಅನ್ನಿ. ಹಾಗಾದರೆ ಬಳಕೆ 800 ಕೂಡಿಸು 6,000 ಕಳೆ 500, ಅಂದರೆ 6,300 ಲೀಟರ್. ಹೊರಸೂಸುವಿಕೆ 16.9 ಟನ್.

ಈಗ ಇನ್ನೊಂದು ತುದಿಯಿಂದ ಬನ್ನಿ. ಜನರೇಟರ್ ಕೋಣೆಯ ಲಾಗ್ ಬುಕ್ ತೆಗೆದರೆ ವರ್ಷದಲ್ಲಿ 150 ಗಂಟೆ ಓಡಿದೆ ಅಂತಿದೆ. ಗಂಟೆಗೆ ಸರಾಸರಿ 35 ಲೀಟರ್ ಹಿಡಿದರೆ 5,250 ಲೀಟರ್ ಆಗುತ್ತದೆ. 1,050 ಲೀಟರ್ ವ್ಯತ್ಯಾಸ, ಹೆಚ್ಚು ಕಮ್ಮಿ ಆರರಲ್ಲೊಂದು ಪಾಲು. ರಾತ್ರಿ ಪಾಳಿಯವರು ಗಂಟೆ ಬರೆಯದೆ ಬಿಟ್ಟರಾ? ಟ್ರ್ಯಾಕ್ಟರಿಗೂ ಇದೇ ಟ್ಯಾಂಕಿನಿಂದ ತುಂಬಿಸಿದರಾ? ಅಳತೆ ಕಡ್ಡಿ ಇಳಿಸಿ ನೋಡಿದವರು ಓದಿದ್ದು ಸರಿಯಾ? ಎರಡು ಸ್ವತಂತ್ರ ದಾಖಲೆಗಳನ್ನು ಹೀಗೆ ತಾಳೆ ನೋಡುವುದೇ ಪರಿಶೀಲನೆಯ ಜೀವಾಳ. ಒಂದೇ ದಾಖಲೆಯನ್ನು ಎರಡು ಸಲ ಕೂಡಿ ನೋಡಿದರೆ ಕೂಡಿದ್ದು ಸರಿ ಅಂತ ಗೊತ್ತಾಗುತ್ತದೆ ಅಷ್ಟೆ.

ಎಸಿ ಗ್ಯಾಸ್

ಇದನ್ನು ತುಂಬ ವರದಿಗಳು ಮರೆತೇ ಬಿಡುತ್ತವೆ, ಯಾಕೆಂದರೆ ಇದಕ್ಕೆ ಹೊಗೆ ಇಲ್ಲ, ತಿಂಗಳ ಬಿಲ್ಲೂ ಇಲ್ಲ. ಎಸಿ ರಿಪೇರಿಯವರು ಬಂದು ಗ್ಯಾಸ್ ತುಂಬಿಸಿ ಹೋಗುತ್ತಾರೆ, ರಸೀದಿಯಲ್ಲಿ "ಸರ್ವಿಸ್" ಅಂತಷ್ಟೇ ಇರುತ್ತದೆ.

ತುಂಬಿಸಿದರು ಅಂದರೆ ಅಷ್ಟು ಮೊದಲೇ ಸೋರಿ ಹೋಗಿದೆ ಅಂತ ಅರ್ಥ. ವರ್ಷದಲ್ಲಿ 10 ಕೆಜಿ ಆರ್-410ಎ ತುಂಬಿಸಿದ್ದಾರೆ ಅನ್ನಿ. ನೂರು ವರ್ಷದ ಅವಧಿಗೆ ಇದರ ಜಿಡಬ್ಲ್ಯುಪಿ, ಅಂದರೆ ಕಾರ್ಬನ್ ಡೈಆಕ್ಸೈಡಿಗೆ ಹೋಲಿಸಿದರೆ ಬಿಸಿ ಹಿಡಿದಿಡುವ ಶಕ್ತಿ, ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ ಐಪಿಸಿಸಿಯ ಐದನೇ ವರದಿಯ ಪ್ರಕಾರ ಸುಮಾರು 1,924. ಅಲ್ಲಿಗೆ 19.2 ಟನ್ ಕಾರ್ಬನ್ ಡೈಆಕ್ಸೈಡಿಗೆ ಸಮಾನ. ಕೈಯಲ್ಲಿ ಎತ್ತಬಹುದಾದ ಒಂದು ಸಿಲಿಂಡರ್, ವರ್ಷವಿಡೀ ಗುಡುಗಿದ ಜನರೇಟರನ್ನು ಮೀರಿಸಿತು.

ಇಲ್ಲೇ ಇನ್ನೊಂದು ಸೂಕ್ಷ್ಮ ಇದೆ. ನಾಲ್ಕನೇ ವರದಿಯಲ್ಲಿ ಇದೇ ಗ್ಯಾಸಿನ ಜಿಡಬ್ಲ್ಯುಪಿ 2,088. ಒಂದು ವರ್ಷ ಹಳೆಯ ಪಟ್ಟಿ, ಮರುವರ್ಷ ಹೊಸ ಪಟ್ಟಿ ಬಳಸಿದರೆ ಸೋರಿಕೆ ಅಷ್ಟೇ ಇದ್ದರೂ ಒಂದೂವರೆ ಟನ್‌ಗಿಂತ ಜಾಸ್ತಿ "ಉಳಿತಾಯ" ಕಾಣುತ್ತದೆ. ಹಾಗಾಗಿ ಯಾವ ವರದಿಯ ಅಂಕಿ ಬಳಸಿದ್ದೇವೆ ಅಂತ ಪ್ರತಿ ಸಾಲಿನ ಪಕ್ಕ ಬರೆಯಿರಿ. ಹಳೆಯ ಎಸಿಗಳ ಆರ್-22 ಮಾತ್ರ ಈ ಸ್ಕೋಪ್‌ಗಳ ಒಳಗೆ ಬರುವುದಿಲ್ಲ. ಅದು ಓಝೋನ್ ಪದರಕ್ಕೆ ಹಾನಿ ಮಾಡುವ, ಮಾಂಟ್ರಿಯಲ್ ಒಪ್ಪಂದದ ಕೆಳಗೆ ಬರುವ ಅನಿಲ, ಅದನ್ನು ಪ್ರತ್ಯೇಕವಾಗಿ ತೋರಿಸಬೇಕು. ತೋರಿಸದೆ ಬಿಡುವಂತಿಲ್ಲ.

ಕರೆಂಟು: ಮೀಟರಿನ ಮುಂದೆ ನಿಂತು

ಬಹಳ ಕ್ಯಾಂಪಸ್ಸುಗಳಲ್ಲಿ ಸ್ಕೋಪ್ 1, 2 ಸೇರಿಸಿದರೆ ದೊಡ್ಡ ಪಾಲು ಇದೇ. ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ಕಾರ್ಬನ್ ಅನ್ನೋದು ಆ ಗ್ರಿಡ್ಡಿಗೆ ಬಿಟ್ಟದ್ದು. ಕಲ್ಲಿದ್ದಲು ಜಾಸ್ತಿ ಇರುವ ಗ್ರಿಡ್ಡಿನಲ್ಲಿ ಒಂದು ಕೆಜಿಯ ಹತ್ತಿರಕ್ಕೂ ಹೋಗಬಹುದು, ಜಲವಿದ್ಯುತ್ತೇ ಜಾಸ್ತಿ ಇರುವ ಕಡೆ ತುಂಬಾ ಕಮ್ಮಿ. ಆಯಾ ವರ್ಷದ ಫ್ಯಾಕ್ಟರನ್ನೇ ತೆಗೆದುಕೊಳ್ಳಬೇಕು. ನಮ್ಮ ಲೆಕ್ಕಕ್ಕೆ 0.7 ಕೆಜಿ ಅಂತ ಇಟ್ಟುಕೊಳ್ಳೋಣ.

ದೊಡ್ಡ ಕಟ್ಟಡಗಳ ಮೀಟರಿಗೆ ಪೂರ್ತಿ ಕರೆಂಟು ನೇರವಾಗಿ ಹರಿಯುವುದಿಲ್ಲ. ಮಧ್ಯೆ ಕರೆಂಟ್ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಸಿಟಿ ಅಂತಾರೆ. ಅದರ ಮೇಲೆ 200/5 ಅಂತ ಬರೆದಿದ್ದರೆ 200 ಆಂಪಿಯರ್ ಹರಿದಾಗ ಮೀಟರಿಗೆ ಹೋಗುವುದು 5 ಮಾತ್ರ. ಮೀಟರನ್ನು ಅದಕ್ಕೆ ತಕ್ಕಂತೆ ಹೊಂದಿಸಿರದಿದ್ದರೆ ರೀಡಿಂಗನ್ನು 40ರಿಂದ ಗುಣಿಸಬೇಕು. ವಿದ್ಯುತ್ ಕಂಪನಿಯ ಬಿಲ್ಲಿನಲ್ಲಿ ಈ ಗುಣಕ ಹಾಕಿಯೇ ಬರುತ್ತದೆ. ತೊಂದರೆ ಬರುವುದು ಕಾಲೇಜೇ ಹಾಕಿಕೊಂಡ ಸಬ್‌ಮೀಟರುಗಳಲ್ಲಿ. ಹೋದ ತಿಂಗಳ ಮತ್ತು ಈ ತಿಂಗಳ ರೀಡಿಂಗಿನ ವ್ಯತ್ಯಾಸ 1,250. ನಿಜವಾದ ಬಳಕೆ 50,000 ಯೂನಿಟ್. ಗುಣಕ ಮರೆತವರು 0.9 ಟನ್ ಅಂತ ಬರೆಯುತ್ತಾರೆ, ಇರಬೇಕಾದ್ದು 35 ಟನ್. ವರ್ಷಕ್ಕೆ 400 ಟನ್‌ಗೂ ಜಾಸ್ತಿ ಮಾಯ!

ಹಿಡಿಯುವುದು ಹೇಗೆ? ಎಲ್ಲ ಸಬ್‌ಮೀಟರುಗಳ ಮೊತ್ತ ಮುಖ್ಯ ಮೀಟರಿಗೆ ಹತ್ತಿರ ಇದೆಯಾ ನೋಡಿ. ಒಂದು ಚದರ ಮೀಟರಿಗೆ ಎಷ್ಟು ಯೂನಿಟ್ ಬಂತು ಅಂತಲೂ ನೋಡಿ. ಲ್ಯಾಬ್ ಕಟ್ಟಡ ಹಾಸ್ಟೆಲ್‌ಗಿಂತ ಕಮ್ಮಿ ಕರೆಂಟು ತಿನ್ನುತ್ತಿದೆ ಅಂತ ಬಂದರೆ ಎಲ್ಲೋ ಎಡವಟ್ಟಾಗಿದೆ.

ಸೋಲಾರ್ ಬಗ್ಗೆ ಎರಡೇ ಮಾತು. ಚಾವಣಿಯಲ್ಲಿ ತಯಾರಾಗಿ ಅಲ್ಲೇ ಬಳಸಿದ ಕರೆಂಟು ಸ್ಕೋಪ್ 2ರಲ್ಲಿ ಬರುವುದಿಲ್ಲ. ಆದರೆ ಗ್ರಿಡ್ಡಿಗೆ ಕೊಟ್ಟದ್ದನ್ನು ನಮ್ಮ ಮೊತ್ತದಿಂದ ಕಳೆಯುವ ಹಾಗಿಲ್ಲ. ಅದರ ಹಸಿರು ಸರ್ಟಿಫಿಕೇಟು, ಅಂದರೆ ಇಷ್ಟು ಹಸಿರು ವಿದ್ಯುತ್ತು ತಯಾರಾಯಿತು ಅನ್ನುವ ಪತ್ರ, ಮಾರಿದ್ದರೆ "ನಾವು ಸೋಲಾರ್ ಬಳಸುತ್ತೇವೆ" ಅನ್ನುವ ಹಕ್ಕೂ ಅದರ ಜೊತೆಗೇ ಹೋಯಿತು. 2015ರ ಸ್ಕೋಪ್ 2 ಮಾರ್ಗಸೂಚಿ ಎರಡು ಮೊತ್ತ ಕೇಳುತ್ತದೆ. ಗ್ರಿಡ್ಡಿನ ಸರಾಸರಿಯ ಪ್ರಕಾರ ಒಂದು, ಮಾಡಿಕೊಂಡ ಒಪ್ಪಂದ ಮತ್ತು ಸರ್ಟಿಫಿಕೇಟಿನ ಪ್ರಕಾರ ಇನ್ನೊಂದು. ಎರಡನೆಯದನ್ನು ಮಾತ್ರ ಎತ್ತಿ ತೋರಿಸುವ ವರದಿ ಕಂಡರೆ ನಾನಂತೂ ಮೊದಲನೆಯದನ್ನು ಹುಡುಕುತ್ತೇನೆ.

ಸ್ಕೋಪ್ 3: ಇಲ್ಲಿ ಮೀಟರ್ ಇಲ್ಲ

ಓಡಾಟಕ್ಕೆ ಸರ್ವೆ ಮಾಡಬೇಕು. "ಸಾಮಾನ್ಯವಾಗಿ ಹೇಗೆ ಬರುತ್ತೀರಿ?" ಅಂತ ಕೇಳಿದರೆ ಜನ ತಮಗೆ ಇಷ್ಟವಾದ ಉತ್ತರ ಕೊಡುತ್ತಾರೆ. "ಹೋದ ವಾರ ಸೋಮವಾರದಿಂದ ಶುಕ್ರವಾರದವರೆಗೆ ಒಂದೊಂದು ದಿನ ಹೇಗೆ ಬಂದಿರಿ?" ಅಂತ ಕೇಳಿದರೆ ನಿಜಕ್ಕೆ ಹತ್ತಿರ. ಇನ್ನೊಂದು ಓರೆಯೂ ಇರಬಹುದು: ಸೈಕಲ್‌ನವರು ಉತ್ಸಾಹದಿಂದ ಫಾರ್ಮ್ ತುಂಬುತ್ತಾರೆ, ಕಾರಿನವರು ಸುಮ್ನೆ ಮುಚ್ಚಿಡುತ್ತಾರೆ. ಪಾರ್ಕಿಂಗ್ ಪಾಸುಗಳ ಸಂಖ್ಯೆ, ಗೇಟಿನಲ್ಲಿ ಒಂದು ದಿನ ನಿಂತು ಮಾಡಿದ ಎಣಿಕೆ, ಇವುಗಳ ಜೊತೆ ಸರ್ವೆಯನ್ನು ತಾಳೆ ನೋಡಿದರೆ ಓರೆ ಎಷ್ಟಿದೆ ಅಂತ ಗೊತ್ತಾಗುತ್ತದೆ. ದೂರ ಕೇಳುವಾಗ ಹೋಗುವುದು ಮಾತ್ರವಾ, ಹೋಗಿ ಬರುವುದಾ ಅಂತ ಪ್ರಶ್ನೆಯಲ್ಲೇ ಬರೆಯಿರಿ. ಇಲ್ಲದಿದ್ದರೆ ಕೆಲವರ ಉತ್ತರ ಇಮ್ಮಡಿ ಆಗಿರುತ್ತದೆ, ಯಾರದ್ದು ಅಂತ ಆಮೇಲೆ ಹೇಳಲಾಗುವುದಿಲ್ಲ.

ಖರೀದಿಯದ್ದು ಇನ್ನೂ ಒರಟು ಲೆಕ್ಕ. ಸಾಮಾನ್ಯವಾಗಿ ಖರ್ಚು ಮಾಡಿದ ಹಣವನ್ನೇ ಒಂದು ಫ್ಯಾಕ್ಟರಿನಿಂದ ಗುಣಿಸುತ್ತಾರೆ. ಇದರಲ್ಲಿ ಒಂದು ವಿಚಿತ್ರ ಇದೆ. ಅದೇ ಕಂಪ್ಯೂಟರನ್ನು ಚೌಕಾಸಿ ಮಾಡಿ ಕಮ್ಮಿ ಬೆಲೆಗೆ ತಂದರೆ ಹೊರಸೂಸುವಿಕೆಯೂ ಇಳಿಯುತ್ತದೆ, ಕಾಗದದ ಮೇಲೆ. ಹಾಗಂತ ಬಿಟ್ಟುಬಿಡಬೇಕಿಲ್ಲ, ಎಲ್ಲಿ ಹೊರೆ ಜಾಸ್ತಿ ಅಂತ ದಿಕ್ಕು ತೋರಿಸುವಷ್ಟು ಇದು ಸಾಕು. ವರ್ಷದಿಂದ ವರ್ಷಕ್ಕೆ ಶೇ 2 ಇಳಿಯಿತು ಅಂತ ಹೆಮ್ಮೆ ಪಡುವಷ್ಟು ನಿಖರ ಅಲ್ಲ.

ಕ್ಯಾಂಪಸ್ಸಿನ ಮರಗಳು ಹೀರಿದ ಕಾರ್ಬನ್ನನ್ನು ಮೊತ್ತದಿಂದ ಕಳೆದು ತೋರಿಸುವ ಆಸೆ ಎಲ್ಲರಿಗೂ ಬರುತ್ತದೆ. ಅದನ್ನು ಬೇರೆ ಸಾಲಿನಲ್ಲೇ ತೋರಿಸಬೇಕು. ಸೌದೆ ಉರಿದು ಬಂದ ಕಾರ್ಬನ್ ಡೈಆಕ್ಸೈಡಿಗೂ ಪ್ರತ್ಯೇಕ ಸಾಲು, ಆದರೆ ಅದೇ ಸೌದೆಯಿಂದ ಬಂದ ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಸ್ಕೋಪ್ 1ರ ಒಳಗೇ.

ಪರಿಶೀಲನೆಗೆ ಬಂದವರು ಏನು ಮಾಡುತ್ತಾರೆ

ಹೊರಸೂಸುವಿಕೆ ಲೆಕ್ಕದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 14064 ಸರಣಿಯಲ್ಲಿ ಮೊದಲ ಭಾಗ ಲೆಕ್ಕ ಇಡುವವರಿಗೆ, ಮೂರನೇ ಭಾಗ ಪರಿಶೀಲಿಸುವವರಿಗೆ. ಪರಿಶೀಲಕರು ಎಲ್ಲ ಬಿಲ್ಲನ್ನೂ ನೋಡುವುದಿಲ್ಲ. ತಪ್ಪಾಗುವ ಸಾಧ್ಯತೆ ಎಲ್ಲಿ ಜಾಸ್ತಿ, ತಪ್ಪಾದರೆ ಪೆಟ್ಟು ಎಲ್ಲಿ ದೊಡ್ಡದು ಅಂತ ಮೊದಲು ಗುರುತು ಹಾಕಿಕೊಳ್ಳುತ್ತಾರೆ, ಅಲ್ಲಿಂದ ಸ್ಯಾಂಪಲ್ ತೆಗೆಯುತ್ತಾರೆ. ಸಾಮಾನ್ಯವಾಗಿ ಒಟ್ಟು ಮೊತ್ತದ ಶೇ 5ನ್ನು ತಪ್ಪಿನ ಮಿತಿಯಾಗಿ ಇಟ್ಟುಕೊಳ್ಳುತ್ತಾರೆ. ನಮ್ಮ ಕಾಲೇಜಿನ 2,000 ಟನ್‌ಗೆ ಅದು 100 ಟನ್. ಡೀಸೆಲ್ಲಿನ 1,050 ಲೀಟರ್ ಗೊಂದಲ ಬರೀ 2.8 ಟನ್, ಬರೆದುಕೊಂಡು ಮುಂದೆ ಹೋಗುತ್ತಾರೆ. ಸಿಟಿ ಗುಣಕದ 400 ಟನ್ ಸಿಕ್ಕರೆ ವರದಿಯನ್ನು ವಾಪಸ್ ಕಳಿಸುತ್ತಾರೆ. ಒಂದು ದಿಕ್ಕಿನಿಂದ ಬಿಲ್ಲು ಹಿಡಿದು ಅದು ವರದಿ ಸೇರಿದೆಯಾ ನೋಡುತ್ತಾರೆ, ಬಿಟ್ಟುಹೋದದ್ದು ಹೀಗೆ ಸಿಗುತ್ತದೆ. ಇನ್ನೊಂದು ದಿಕ್ಕಿನಿಂದ ವರದಿಯ ಅಂಕಿ ಹಿಡಿದು ಬಿಲ್ಲಿಗೆ ಬರುತ್ತಾರೆ, ಇಲ್ಲದ್ದನ್ನು ಸೇರಿಸಿದ್ದರೆ ಆಗ ಸಿಗುತ್ತದೆ.

ಕೊನೆಗೆ ಕೊಡುವ ಹೇಳಿಕೆಯ ಭಾಷೆ ಗಮನಿಸಿ. ಸೀಮಿತ ಭರವಸೆಯದ್ದಾದರೆ "ತಪ್ಪಿದೆ ಅನ್ನುವಂಥದ್ದು ನಮ್ಮ ಗಮನಕ್ಕೆ ಬಂದಿಲ್ಲ" ಅಂತಿರುತ್ತದೆ. ಇನ್ನೂ ಆಳಕ್ಕೆ ಹೋದ ಪರಿಶೀಲನೆ ಆದರೆ "ಸರಿಯಾಗಿ ತೋರಿಸಲಾಗಿದೆ" ಅಂತ ನೇರವಾಗಿ ಹೇಳುತ್ತಾರೆ. ಎರಡಕ್ಕೂ ಬಹಳ ಅಂತರ ಇದೆ. ಹೊರಗಿನವರನ್ನು ಕರೆಸಲು ಹಣ ಇಲ್ಲದ ಕಾಲೇಜಿಗೂ ದಾರಿ ಇದೆ: ಲೆಕ್ಕ ಹಾಕಿದವರಲ್ಲದ ಬೇರೆ ವಿಭಾಗದವರಿಂದ ಇದೇ ಕ್ರಮದಲ್ಲಿ ನೋಡಿಸುವುದು. ಕಾಮರ್ಸ್ ವಿಭಾಗದವರು ಇದಕ್ಕೆ ಚೆನ್ನಾಗಿ ಒದಗುತ್ತಾರೆ ಅನ್ನೋದು ನನ್ನ ಅಭಿಪ್ರಾಯ, ಅವರಿಗೆ ರಸೀದಿ ನೋಡುವ ಕಣ್ಣು ಇರುತ್ತದೆ.

ಬಿಡಿಸಿ ನೋಡಿ

ಕಾಲೇಜು ತನ್ನ ಬಸ್ಸುಗಳನ್ನು ಮಾರಿ, ಅದೇ ರೂಟುಗಳನ್ನು ಒಬ್ಬ ಗುತ್ತಿಗೆದಾರರಿಗೆ ಕೊಟ್ಟಿತು. ಸ್ಕೋಪ್ 1 ಒಂದೇ ವರ್ಷದಲ್ಲಿ 30 ಟನ್ ಇಳಿಯಿತು. ಇದು ಇಳಿಕೆಯಾ?

ಅಲ್ಲ. ಅದೇ ಡೀಸೆಲ್ ಅದೇ ರಸ್ತೆಯಲ್ಲಿ ಉರಿಯುತ್ತಿದೆ. ಆ 30 ಟನ್ ಸ್ಕೋಪ್ 3ಕ್ಕೆ ಜಾಗ ಬದಲಿಸಿದೆ. ಕಾಲೇಜು ಗುತ್ತಿಗೆ ಬಸ್ಸುಗಳನ್ನು ಸ್ಕೋಪ್ 3ರಲ್ಲಿ ತೋರಿಸಿದರೆ ಒಟ್ಟು ಮೊತ್ತ ಹಾಗೇ ಉಳಿಯುತ್ತದೆ. ತೋರಿಸದಿದ್ದರೆ, ಮತ್ತು ಈ ಬದಲಾವಣೆ ತಾನೇ ಹಾಕಿಕೊಂಡ ಮಿತಿಗಿಂತ ದೊಡ್ಡದಾಗಿದ್ದರೆ, ಹೋಲಿಕೆಗೆ ಇಟ್ಟುಕೊಂಡ ಮೂಲ ವರ್ಷದ ಲೆಕ್ಕದಿಂದಲೂ ಆ ಬಸ್ಸುಗಳನ್ನು ತೆಗೆದು ಮರುಲೆಕ್ಕ ಮಾಡಬೇಕು. ಹಾಗಲ್ಲದೆ ರೂಟುಗಳನ್ನೇ ಕಮ್ಮಿ ಮಾಡಿ 30 ಟನ್ ಇಳಿಸಿದ್ದರೆ ಮೂಲ ವರ್ಷವನ್ನು ಮುಟ್ಟುವ ಹಾಗಿಲ್ಲ. ಆಗ ಪರಿಶೀಲಕರ ಮುಂದಿನ ಪ್ರಶ್ನೆ ಗೊತ್ತಿದ್ದದ್ದೇ: ಆ ರೂಟಿನ ವಿದ್ಯಾರ್ಥಿಗಳು ಈಗ ಹೇಗೆ ಬರುತ್ತಿದ್ದಾರೆ, ಅದು ಓಡಾಟದ ಸರ್ವೆಯಲ್ಲಿ ಎಲ್ಲಿದೆ ತೋರಿಸಿ.