ಮಳೆರಾಯನಿಗೊಂದು ರಾಕೆಟ್ ತಾಕೀತು

ಮಳೆ ತಡವಾದರೆ ದೇವರಿಗೆ ಮೊರೆ ಇಡುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಥಾಯ್ಲೆಂಡಿನ ಈಶಾನ್ಯ ಮೂಲೆಯ ರೈತರ ದಾರಿ ಸ್ವಲ್ಪ ಜೋರು. ಅವರು ಉದ್ದನೆಯ ಕೊಳವೆಗೆ 120 ಕಿಲೋ ಸಿಡಿಮದ್ದು ತುಂಬಿ, ಅದನ್ನು ಅಟ್ಟಣಿಗೆಯ ಮೇಲೇರಿಸಿ, ನೇರ ಮಳೆರಾಯನ ಮನೆ ಬಾಗಿಲಿಗೇ ಹಾರಿಸುತ್ತಾರೆ.

ಈ ಸೀಮೆಗೆ ಈಸಾನ್ ಅಂತ ಹೆಸರು. ಮೆಕಾಂಗ್ ನದಿ ದಾಟಿದರೆ ಲಾವೋಸ್. ನದಿಯ ಎರಡೂ ದಡಗಳ ಹಳ್ಳಿಗಳಲ್ಲಿ ಬೇಸಿಗೆಯ ಕೊನೆಗೆ ಬುನ್ ಬಂಗ್ ಫಾಯ್ ಎಂಬ ರಾಕೆಟ್ ಹಬ್ಬ ನಡೆಯುತ್ತದೆ. ಎಲ್ಲಕ್ಕಿಂತ ಹೆಸರಾದದ್ದು ಯಸೋಥೋನ್ ಪಟ್ಟಣದ ಹಬ್ಬ. ಅಲ್ಲಿ ಸಾಮಾನ್ಯವಾಗಿ ಮೇ ತಿಂಗಳ ಎರಡನೇ ವಾರದ ಹೊತ್ತಿಗೆ ಮೂರು ದಿನ ಸಂಭ್ರಮ. ಶನಿವಾರ ಮೆರವಣಿಗೆ, ಭಾನುವಾರ ರಾಕೆಟ್.

ಈಸಾನ್ ಜನ ಮಳೆಗೆ ಇಷ್ಟೊಂದು ಹಂಬಲಿಸುವುದು ಏಕೆ ಅಂತ ತಿಳಿಯಬೇಕಾದರೆ ಕಾಲಡಿಯ ಮಣ್ಣು ನೋಡಬೇಕು. ಇದು ಕೊರಾಟ್ ಪ್ರಸ್ಥಭೂಮಿ. ಕೆಳಗೆ ಮರಳುಗಲ್ಲು, ಕೆಲವೆಡೆ ಕಲ್ಲುಪ್ಪಿನ ಪದರ. ಮೇಲಿನ ಮಣ್ಣು ಮರಳು ಮರಳು, ನೀರು ಹಿಡಿದಿಟ್ಟುಕೊಳ್ಳುವುದಿಲ್ಲ. ಪಶ್ಚಿಮದ ಬೆಟ್ಟಸಾಲುಗಳು ನೈರುತ್ಯ ಮುಂಗಾರಿನ ತೇವವನ್ನು ಅಷ್ಟಿಷ್ಟು ತಡೆಯುತ್ತವೆ. ವರ್ಷದ ಮಳೆ ಲೆಕ್ಕ ಹಾಕಿದರೆ ನಮ್ಮ ಬಯಲುಸೀಮೆಗಿಂತ ಎಷ್ಟೋ ಜಾಸ್ತಿಯೇ. ಆದರೆ ಬೆಳೆ ಭತ್ತ, ಬಹುಪಾಲು ಹೊಲಗಳಿಗೆ ಕಾಲುವೆ ಇಲ್ಲ. ಜೂನ್, ಜುಲೈನಲ್ಲಿ ಮಳೆ ಕೆಲವು ವಾರ ಕೈಕೊಟ್ಟರೂ ಸಸಿ ಒಣಗುತ್ತದೆ. ಹಾಗಾಗಿ ಮಳೆ ಎಷ್ಟು ಬೀಳುತ್ತದೆ ಅನ್ನುವುದಕ್ಕಿಂತ ಯಾವಾಗ ಬೀಳುತ್ತದೆ ಅನ್ನುವುದೇ ಇಲ್ಲಿ ದೊಡ್ಡ ಚಿಂತೆ.

ಹಬ್ಬದ ಹಿಂದಿನ ಕಥೆಯೂ ಸೊಗಸಾಗಿದೆ. ಆಕಾಶದ ಒಡೆಯ ಫಯಾ ಥ್ಯಾನ್ ಒಮ್ಮೆ ಮುನಿಸಿಕೊಂಡು ಏಳು ವರ್ಷ, ಏಳು ತಿಂಗಳು, ಏಳು ದಿನ ಮಳೆ ನಿಲ್ಲಿಸಿಬಿಟ್ಟ. ಆಗ ನೆಲಗಪ್ಪೆ ರಾಜ ಫಯಾ ಖನ್‌ಖಾಕ್ ಯುದ್ಧಕ್ಕೆ ಹೊರಟ. ಗೆದ್ದಲುಗಳು ಆಕಾಶಕ್ಕೆ ದಾರಿ ಕಟ್ಟಿದವು. ಮರ ಕೊರೆಯುವ ಹುಳುಗಳು ಶತ್ರುಗಳ ಆಯುಧದ ಹಿಡಿಗಳನ್ನು ತಿಂದು ಹಾಕಿದವು. ಚೇಳು, ಜರಿಗಳು ಅವರ ಬಟ್ಟೆಯೊಳಗೆ ಸೇರಿಕೊಂಡವು. ಥ್ಯಾನ್ ಸೋತ, ರಾಜಿಯಾಯಿತು. ಒಪ್ಪಂದದ ಪ್ರಕಾರ ರಾಕೆಟ್ ಹಾರಿದರೆ ಅವನು ಮಳೆ ಕಳಿಸಬೇಕು. ಕಪ್ಪೆ ಕೂಗಿದರೆ ಮಳೆ ತಲುಪಿದೆ ಅಂತ ಅವನು ತಿಳಿಯಬೇಕು. ಗಾಳಿಪಟಕ್ಕೆ ಕಟ್ಟಿದ ವಾದ್ಯ ಮೊಳಗಿದರೆ ಕೊಯ್ಲಿನ ಕಾಲ, ಮಳೆ ಸಾಕು. ಯಸೋಥೋನ್‌ನಲ್ಲಿ ಈ ನೆಲಗಪ್ಪೆಯದೇ ಆಕಾರದ, ಹಲವು ಮಹಡಿ ಎತ್ತರದ ಮ್ಯೂಸಿಯಂ ಇದೆ. ರಾಕೆಟ್ ಹಾರಿಸುವ ಜಾಗಕ್ಕೂ ಫಯಾ ಥ್ಯಾನ್ ಹೆಸರೇ.

ಮೆರವಣಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದರ ಫೋಟೋಗಳು ಎಲ್ಲ ಕಡೆ ಸಿಗುತ್ತವೆ. ಬಂಗಾರದ ಬಣ್ಣದ ನಾಗನ ಹೆಡೆ ಹೊತ್ತ ತೇರುಗಳು, ಕುಣಿತ, ಅಕ್ಕಿಯ ಸಾರಾಯಿ, ಹೆಣ್ಣುವೇಷ ಹಾಕಿದ ಗಂಡಸರು, ಮರದಲ್ಲಿ ಕೆತ್ತಿದ ಪೋಲಿ ಗೊಂಬೆಗಳು. ಮಳೆಗೂ ಫಲವಂತಿಕೆಗೂ ಹಳೆಯ ನಂಟು. ಜೋಕುಮಾರನನ್ನು ಬಲ್ಲ ನಮ್ಮವರಿಗೆ ಇದೇನೂ ಹೊಸದಲ್ಲ. ನನಗೆ ಹುಚ್ಚು ಹಿಡಿಸಿದ್ದು ಮರುದಿನದ ರಾಕೆಟ್‌ಗಳು.

ಇಲ್ಲಿ ರಾಕೆಟ್‌ಗಳನ್ನು ಮದ್ದಿನ ತೂಕದ ಮೇಲೆ ವಿಂಗಡಿಸುತ್ತಾರೆ. ‘ಮುಯೆನ್’ ಅಂದರೆ ಹತ್ತು ಸಾವಿರ, ಅದಕ್ಕೆ ಸುಮಾರು 12 ಕಿಲೋ. ‘ಸೇನ್’ ಅಂದರೆ ಲಕ್ಷ, ಅದಕ್ಕೆ 120 ಕಿಲೋ. ‘ಲಾನ್’ ಅಂದರೆ ಹತ್ತು ಲಕ್ಷ, ಅದು ಇನ್ನೂ ದೊಡ್ಡದು. ಗೆಲುವು ನಿರ್ಧರಿಸುವುದು ಗಡಿಯಾರ. ಬತ್ತಿ ಹತ್ತಿ ಮೇಲೇರಿದ ರಾಕೆಟ್ ನೆಲಕ್ಕೆ ಬೀಳುವವರೆಗೆ ಎಷ್ಟು ಸೆಕೆಂಡ್ ಗಾಳಿಯಲ್ಲಿತ್ತು ಅನ್ನುವುದೇ ಲೆಕ್ಕ. ತೀರ್ಪುಗಾರರು ದುರ್ಬೀನು ಹಿಡಿದು ಕೂರುತ್ತಾರೆ. ಸುತ್ತ ಬಾಜಿ ಕಟ್ಟುವವರ ಕೂಗಾಟ. ರಾಕೆಟ್ ಅಟ್ಟಣಿಗೆಯಲ್ಲೇ ಟುಸ್ ಅಂದರೆ ಆ ತಂಡದವರನ್ನು ಎತ್ತಿ ಕೆಸರಿಗೆ ಎಸೆಯುತ್ತಾರೆ.

ಎತ್ತರ ಅಳೆಯದೆ ಸಮಯ ಅಳೆಯುವುದು ಜಾಣತನದ ಕೆಲಸ. ಎತ್ತರ ಅಳೆಯಲು ಉಪಕರಣ ಬೇಕು, ಸಮಯಕ್ಕೆ ಒಂದು ಸ್ಟಾಪ್‌ವಾಚ್ ಸಾಕು. ಆದರೆ ಎರಡೂ ಒಂದೇ ಅಲ್ಲ. ಗಾಳಿಯೇ ಇಲ್ಲದಿದ್ದರೆ 10 ಕಿಲೋಮೀಟರ್ ಎತ್ತರಕ್ಕೆ ಎಸೆದ ವಸ್ತು ಹೋಗಿ ಬರಲು ಸುಮಾರು 90 ಸೆಕೆಂಡ್ ಸಾಕು. ಇಲ್ಲಿನ ಒಳ್ಳೆಯ ರಾಕೆಟ್‌ಗಳು ಕೆಲವು ನಿಮಿಷ ಕೆಳಗಿಳಿಯುವುದೇ ಇಲ್ಲ. ಕಾರಣ, ಮದ್ದು ಉರಿದು ಖಾಲಿಯಾದ ಹಗುರ ಕೊಳವೆ ಉದ್ದ ಬಾಲದ ಸಮೇತ ಹೊರಳಾಡುತ್ತಾ, ಗಾಳಿಯನ್ನು ಅಡ್ಡ ಹಾಯುತ್ತಾ ನಿಧಾನ ಬೀಳುತ್ತದೆ. ಹಾಗಾಗಿ ಗೆಲ್ಲಬೇಕಾದರೆ ಮೇಲೇರುವುದರ ಜೊತೆಗೆ ನಿಧಾನವಾಗಿ ಬೀಳುವುದನ್ನೂ ಸಾಧಿಸಬೇಕು.

ಮದ್ದು ಊರಲ್ಲೇ ತಯಾರಾಗುತ್ತದೆ. ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್) ಮತ್ತು ಇದ್ದಿಲು ಮುಖ್ಯ. ಹಿಂದೆ ಪೆಟ್ಲುಪ್ಪನ್ನು ಗುಹೆಗಳಲ್ಲಿ ಬಿದ್ದ ಬಾವಲಿ ಹಿಕ್ಕೆಯಿಂದ ತೆಗೆಯುತ್ತಿದ್ದರು. ಪೆಟ್ಲುಪ್ಪಿನ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಆಮ್ಲಜನಕವೇ. ಅದಕ್ಕೇ ಮುಚ್ಚಿದ ಕೊಳವೆಯೊಳಗೂ ಇದ್ದಿಲು ಉರಿಯುತ್ತದೆ, ಹೊರಗಿನ ಗಾಳಿ ಬೇಕಿಲ್ಲ. ಇದ್ದಿಲನ್ನು ಯಾವ ಮರದಿಂದ ಸುಡಬೇಕು, ಎಷ್ಟು ನುಣ್ಣಗೆ ಕುಟ್ಟಬೇಕು ಅನ್ನುವುದೆಲ್ಲ ಒಂದೊಂದು ತಂಡದ ಗುಟ್ಟು. ಒಂದು ಕಾಲದಲ್ಲಿ ಈ ವಿದ್ಯೆ ಬೌದ್ಧ ವಿಹಾರಗಳ ಭಿಕ್ಕುಗಳ ಕೈಯಲ್ಲಿತ್ತು.

ಮದ್ದನ್ನು ಕೊಳವೆಗೆ ಸ್ವಲ್ಪ ಸ್ವಲ್ಪವೇ ಹಾಕಿ, ಕಲ್ಲಿನಂತಾಗುವವರೆಗೆ ಒತ್ತಿ, ಆಮೇಲೆ ನಡುವೆ ಉದ್ದಕ್ಕೆ ತೂತು ಕೊರೆಯುತ್ತಾರೆ. ರಾಕೆಟ್ಟಿನ ಹಣೆಬರಹ ಇರುವುದು ಈ ತೂತಿನಲ್ಲಿ. ತೂತಿಲ್ಲದಿದ್ದರೆ ಮದ್ದು ತುದಿಯಿಂದ ಮಾತ್ರ ನಿಧಾನ ಉರಿಯುತ್ತದೆ, ಭಾರ ಎತ್ತುವಷ್ಟು ಅನಿಲ ಹುಟ್ಟುವುದಿಲ್ಲ. ತೂತು ಇದ್ದರೆ ಒಳಗೋಡೆ ಪೂರ್ತಿ ಒಮ್ಮೆಗೇ ಹತ್ತಿಕೊಳ್ಳುತ್ತದೆ. ಬಿಸಿ ಅನಿಲ ಕೆಳಗೆ ನುಗ್ಗುತ್ತದೆ, ರಾಕೆಟ್ ಮೇಲೆ ನುಗ್ಗುತ್ತದೆ. ಉರಿದಂತೆಲ್ಲ ತೂತು ಅಗಲವಾಗಿ, ಉರಿಯುವ ಗೋಡೆ ಹಿಗ್ಗಿ, ಒತ್ತಡ ಏರುತ್ತದೆ. ತೂತು ತೀರಾ ಸಣ್ಣದಾದರೆ ರಾಕೆಟ್ ಅಟ್ಟಣಿಗೆ ಬಿಡುವುದಿಲ್ಲ. ತೀರಾ ದೊಡ್ಡದಾದರೆ ಸಿಡಿಯುತ್ತದೆ.

ಒಳಗೆ ಒಂದು ಬಿರುಕು ಇದ್ದರಂತೂ ಕಥೆ ಮುಗಿದಂತೆ. ಬೆಂಕಿ ಬಿರುಕಿಗೆ ಇಳಿದರೆ ಉರಿಯುವ ಜಾಗ ಇದ್ದಕ್ಕಿದ್ದಂತೆ ಹೆಚ್ಚುತ್ತದೆ. ಅದರಿಂದ ಒತ್ತಡ ಏರುತ್ತದೆ. ಒತ್ತಡ ಏರಿದರೆ ಮದ್ದು ಇನ್ನೂ ಬೇಗ ಉರಿಯುತ್ತದೆ, ಅದರಿಂದ ಒತ್ತಡ ಮತ್ತೂ ಏರುತ್ತದೆ. ಇಷ್ಟೆಲ್ಲ ನಡೆಯಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. 1999ರ ಮೇ ತಿಂಗಳಲ್ಲಿ 120 ಕಿಲೋದ ಒಂದು ರಾಕೆಟ್ ಹಾರಿದ ಎರಡೇ ಸೆಕೆಂಡಿನಲ್ಲಿ, ನೆಲದಿಂದ 50 ಮೀಟರ್ ಎತ್ತರದಲ್ಲಿ ಸಿಡಿದು ನೋಡಲು ಬಂದವರು ಸತ್ತರು. ಹಬ್ಬದ ಚೆಂದ ವರ್ಣಿಸುವವರು ಇದನ್ನು ಬಿಟ್ಟು ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ಬಿದಿರಿನ ಕೊಳವೆ ಇತ್ತು, ಈಗ ಹೆಚ್ಚಾಗಿ ಪಿವಿಸಿ ಪೈಪು. ಕಬ್ಬಿಣದ ಕೊಳವೆ ಹೆಚ್ಚು ಒತ್ತಡ ತಡೆಯುತ್ತದೆ ನಿಜ, ಆದರೆ ಒಡೆದರೆ ಪ್ರತಿ ಚೂರೂ ಗುಂಡೇ.

ಕಬ್ಬಿಣ ಅಂದಾಗ ಮೈಸೂರು ನೆನಪಾಗದೆ ಇರುತ್ತದೆಯೇ? ಹೈದರ್ ಮತ್ತು ಟಿಪ್ಪುವಿನ ಸೇನೆ ಕರಿಮದ್ದನ್ನು ಕಬ್ಬಿಣದ ಕೊಳವೆಗೆ ತುಂಬಿತು. ಕೊಳವೆ ಗಟ್ಟಿ, ಹಾಗಾಗಿ ಒಳಗಿನ ಒತ್ತಡ ಜಾಸ್ತಿ, ಹಾಗಾಗಿ ರಾಕೆಟ್ ಹೋಗುವ ದೂರವೂ ಜಾಸ್ತಿ. 1780ರ ಪೊಲ್ಲಿಲೂರು ಕದನದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಇದರ ರುಚಿ ಕಂಡರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು, ವಿಲಿಯಂ ಕಾಂಗ್ರೀವ್ ಅವುಗಳ ಜಾಡು ಹಿಡಿದೇ ತನ್ನ ರಾಕೆಟ್ ಮಾಡಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ ಹಳೆಯ ಬಾವಿಯೊಂದರಿಂದ ಇಂಥ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳನ್ನು ಹೊರತೆಗೆದರು. ಒಂದೊಂದೂ ಗೇಣುದ್ದ, ಅಷ್ಟೇ. ಅವಕ್ಕೂ ಬಿದಿರಿನ ಬಾಲ ಕಟ್ಟುತ್ತಿದ್ದರು.

ಆ ಬಾಲ ಸುಮ್ನೆ ಅಲಂಕಾರಕ್ಕಲ್ಲ. ಹಾರುವ ರಾಕೆಟ್ ಸ್ವಲ್ಪ ವಾಲಿದರೆ ಗಾಳಿ ಅದನ್ನು ಪಕ್ಕದಿಂದ ತಳ್ಳುತ್ತದೆ. ಆ ತಳ್ಳುವಿಕೆ ಭಾರದ ನಡುಬಿಂದುವಿಗಿಂತ ಹಿಂದೆ ಬಿದ್ದರೆ ಮೂತಿ ಮತ್ತೆ ನೆಟ್ಟಗಾಗುತ್ತದೆ, ಮುಂದೆ ಬಿದ್ದರೆ ರಾಕೆಟ್ ಲಾಗ ಹೊಡೆಯುತ್ತದೆ. ಉದ್ದನೆಯ ಬಾಲ ಗಾಳಿಯ ಹಿಡಿತವನ್ನು ಹಿಂದಕ್ಕೆ ಎಳೆಯುತ್ತದೆ. ಆದರೆ ಮೊದಲ ಕ್ಷಣದಲ್ಲಿ ವೇಗವೇ ಇರುವುದಿಲ್ಲ, ಆಗ ಬಾಲದಿಂದ ಏನೂ ಉಪಯೋಗವಿಲ್ಲ. ಅದಕ್ಕೇ ಅಷ್ಟೆತ್ತರದ ಅಟ್ಟಣಿಗೆ. ವೇಗ ಹಿಡಿಯುವವರೆಗೆ ಅದು ರಾಕೆಟ್ಟಿಗೆ ದಾರಿ ತೋರುತ್ತದೆ. ಕಾಲಾಸಿನ್ ಪ್ರಾಂತದ ಕುಟ್ ವಾ ಎಂಬಲ್ಲಿ ಬಾಲವೇ ಇಲ್ಲದ ಚಕ್ರದಾಕಾರದ ರಾಕೆಟ್ ಹಾರಿಸುತ್ತಾರೆ. ಅದು ಗಿರ್ರನೆ ತಿರುಗುತ್ತಾ ಏರುತ್ತದೆ, ತಿರುಗುವುದರಿಂದಲೇ ಮಗುಚದೆ ನಿಲ್ಲುತ್ತದೆ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ಇದರಿಂದ ಮಳೆ ಬರುತ್ತಾ?

ಸಿಡಿತದ ಸದ್ದಿಗೆ ಮೋಡ ಅದುರಿ ಮಳೆ ಸುರಿಯುತ್ತದೆ ಅನ್ನುವ ನಂಬಿಕೆ ಈಸಾನ್ ರೈತರದ್ದು ಮಾತ್ರ ಅಂದುಕೊಳ್ಳಬೇಡಿ. ದೊಡ್ಡ ಯುದ್ಧಗಳಾದ ಮೇಲೆ ಮಳೆ ಬರುತ್ತದೆ ಅಂತ ಅಮೆರಿಕದಲ್ಲೂ ಬಹಳ ಜನ ನಂಬಿದ್ದರು. 1891ರಲ್ಲಿ ಅಲ್ಲಿನ ಸಂಸತ್ತು ಕೊಟ್ಟ ಹಣದಲ್ಲಿ ರಾಬರ್ಟ್ ಡೈರನ್‌ಫೋರ್ತ್ ಎಂಬಾತ ಟೆಕ್ಸಾಸಿನ ಬಯಲಿನಲ್ಲಿ ಸ್ಫೋಟಕ ಸಿಡಿಸಿದ, ಗಾಳಿಪಟಕ್ಕೆ ಡೈನಮೈಟ್ ಕಟ್ಟಿ ಹಾರಿಸಿದ, ಅನಿಲ ತುಂಬಿದ ಬಲೂನುಗಳನ್ನು ಆಕಾಶದಲ್ಲೇ ಒಡೆದ. ಮಳೆಗಾಲ ಹೇಗೂ ಬರುವುದಿತ್ತು, ನಾಲ್ಕು ಹನಿ ಬಿತ್ತು, ಗೆದ್ದೆ ಅಂತ ಸಾರಿಕೊಂಡ. ಹವಾಮಾನ ಬಲ್ಲವರು ನಕ್ಕರು. ಸದ್ದಿನ ಅಲೆ ಮೋಡದ ಮೂಲಕ ಹಾದುಹೋಗುತ್ತದೆ, ಅಷ್ಟೇ. ಹನಿಗಳನ್ನು ಕೂಡಿಸುವ ಶಕ್ತಿ ಅದಕ್ಕಿಲ್ಲ. ಗುಡುಗಿಗಿಂತ ದೊಡ್ಡ ಸದ್ದು ಯಾವ ರಾಕೆಟ್ಟಿಗಿದೆ?

ಹೊಗೆಯ ವಿಚಾರವನ್ನು ಮಾತ್ರ ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ನೀರಾವಿ ಹನಿಯಾಗಲು ಒಂದು ಕಣ ಬೇಕು. ಧೂಳು, ಉಪ್ಪು, ಹೊಗೆ ಯಾವುದಾದರೂ ಸರಿ. ಹೀಗೆ ಹುಟ್ಟಿದ ಮೋಡದ ಹನಿಯ ಅಗಲ ಒಂದು ಮಿಲಿಮೀಟರಿನ ಐವತ್ತರಲ್ಲಿ ಒಂದು ಭಾಗ. ಅಂಥ ಹತ್ತು ಲಕ್ಷ ಹನಿ ಸೇರಿದರೆ ಎರಡು ಮಿಲಿಮೀಟರಿನ ಒಂದು ಮಳೆಹನಿ. ಕೆಲವು ಹನಿಗಳು ಮೊದಲೇ ದಪ್ಪಗಿದ್ದರೆ ಅವು ಬೇಗ ಬೀಳುತ್ತಾ ದಾರಿಯಲ್ಲಿ ಸಿಕ್ಕವನ್ನು ನುಂಗಿಕೊಳ್ಳುತ್ತವೆ. ಹಾಗಾಗಿ ನೀರು ಹೀರುವ ದಪ್ಪ ಉಪ್ಪಿನ ಕಣಗಳನ್ನು ಮೋಡಕ್ಕೆ ಕೊಟ್ಟರೆ ಹೇಗೆ? ದಕ್ಷಿಣ ಆಫ್ರಿಕಾದಲ್ಲಿ ಕಾಗದ ಕಾರ್ಖಾನೆಯೊಂದರ ಹೊಗೆ ಸೇರಿದ ಮೋಡಗಳಲ್ಲಿ ದೊಡ್ಡ ಹನಿಗಳು ಕಂಡ ಮೇಲೆ, 1990ರ ದಶಕದಲ್ಲಿ ಇದನ್ನೇ ಪರೀಕ್ಷಿಸಿದರು. ವಿಮಾನದ ರೆಕ್ಕೆಗೆ ಕಟ್ಟಿದ ಕಡ್ಡಿಗಳು ಉರಿದು ಪೊಟ್ಯಾಸಿಯಂ ಉಪ್ಪಿನ ಹೊಗೆ ಬಿಡುತ್ತವೆ. ಇಂದಿಗೂ ಮೋಡ ಬಿತ್ತನೆಯ ಒಂದು ವಿಧಾನ ಇದೇ.

ಪೆಟ್ಲುಪ್ಪೂ ಪೊಟ್ಯಾಸಿಯಂ ಉಪ್ಪೇ ಅಲ್ವಾ? ಅದು ಇದ್ದಿಲಿನ ಜೊತೆ ಉರಿದರೆ ಹೊಗೆಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ, ಅದೂ ನೀರು ಹೀರುತ್ತದೆ. ತೂಕದಲ್ಲೂ 120 ಕಿಲೋ ಕಮ್ಮಿಯಲ್ಲ, ವಿಮಾನದ ಕಡ್ಡಿಗಳು ಒಂದೊಂದು ಕಿಲೋ ಆಸುಪಾಸು ಅಷ್ಟೇ. ಇಲ್ಲಿಯವರೆಗೆ ರೈತರ ಪರವೇ ಲೆಕ್ಕ ಇದೆ.

ಎಡವುವುದು ಜಾಗದಲ್ಲಿ. ಕಡ್ಡಿಯನ್ನು ಉರಿಸುವುದು ಬೆಳೆಯುತ್ತಿರುವ ಮೋಡದ ಬುಡದಲ್ಲಿ, ಗಾಳಿ ಮೇಲಕ್ಕೆ ಎಳೆಯುವ ಕಡೆ, ಕೆಲವು ನಿಮಿಷಗಳ ಕಾಲ. ರಾಕೆಟ್ಟಿನ ಮದ್ದು ಬೇಗ ಮುಗಿಯುತ್ತದೆ, ಹೊಗೆಯ ಒಂದು ಪಾಲು ನೆಲದ ಹತ್ತಿರವೇ ಉಳಿದು ನೋಡುಗರ ಕಣ್ಣು ಉರಿಸುತ್ತದೆ. ಮೋಡವೇ ಇಲ್ಲದ ದಿನವೂ ರಾಕೆಟ್ ಹಾರುತ್ತದೆ, ಬಿತ್ತನೆಗೆ ನೆಲವೇ ಇಲ್ಲದಂತೆ. ಇನ್ನೊಂದು ತೊಡಕೂ ಇದೆ. ಒಣ ಹುಲ್ಲು, ಕೂಳೆ ಸುಟ್ಟ ಹೊಗೆಯಿಂದ ಬೇಸಿಗೆಯ ಗಾಳಿಯಲ್ಲಿ ಸಣ್ಣ ಕಣಗಳು ಮೊದಲೇ ತುಂಬಿರುತ್ತವೆ. ಸಣ್ಣ ಕಣ ಜಾಸ್ತಿಯಾದರೆ ಇರುವ ನೀರು ಎಲ್ಲಕ್ಕೂ ಹಂಚಿಹೋಗಿ ಹನಿಗಳು ಸಣ್ಣದಾಗಿಯೇ ಉಳಿಯುತ್ತವೆ, ಕೂಡಿ ಬೀಳುವುದು ತಡವಾಗುತ್ತದೆ. ಅಂದರೆ ಹೊಗೆ ಮಳೆಯನ್ನು ತಡೆಯಲೂಬಹುದು.

ಹಾಗಂತ ವಿಮಾನದಿಂದ ಬಿತ್ತಿದರೆ ಖಾತ್ರಿಯೇ ಅಂದರೆ ಅದೂ ಇಲ್ಲ. ಥಾಯ್ಲೆಂಡಿನಲ್ಲೇ ರಾಜ ಭೂಮಿಬೋಲ್ 1955ರಲ್ಲಿ ಈಸಾನ್ ಪ್ರವಾಸದಲ್ಲಿ ಕಂಡ ಬರದಿಂದ ಕೃತಕ ಮಳೆಯ ಯೋಜನೆ ಶುರುವಾಯಿತು, 1969ರಲ್ಲಿ ಮೊದಲ ಪ್ರಯೋಗ ನಡೆಯಿತು, ಈಗ ಅದಕ್ಕೊಂದು ಸರ್ಕಾರಿ ಇಲಾಖೆಯೇ ಇದೆ. ಕರ್ನಾಟಕ 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರೆ’ ಅಂತ ವಿಮಾನ ಹಾರಿಸಿತು. ಬಿತ್ತಿದ ಮೇಲೆ ಮಳೆ ಬಂದರೆ, ಬಿತ್ತದಿದ್ದರೆ ಬರುತ್ತಿರಲಿಲ್ಲ ಅಂತ ಹೇಗೆ ಹೇಳುವುದು? ಇದಕ್ಕಿರುವ ದಾರಿ, ಯಾವ ಮೋಡಕ್ಕೆ ಬಿತ್ತಬೇಕು, ಯಾವುದನ್ನು ಬಿಡಬೇಕು ಅಂತ ಚೀಟಿ ಎತ್ತುವುದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು 2018 ಮತ್ತು 2019ರ ಮಳೆಗಾಲಗಳಲ್ಲಿ ನಮ್ಮ ವಿಜಯಪುರದ ನೆರೆಯ ಸೊಲ್ಲಾಪುರದಲ್ಲಿ ಹಾಗೇ ಮಾಡಿದರು. ಕೆಲವು ಮೋಡಗಳಿಗೆ ಬಿತ್ತಿ, ಕೆಲವನ್ನು ಬಿಟ್ಟು, ಎರಡನ್ನೂ ಹೋಲಿಸಿದರು. ಬಿತ್ತಿದ ಕಡೆ ಸುಮಾರು ಶೇ. 18 ಹೆಚ್ಚು ಮಳೆ ಕಂಡಿತು. ಅದೂ ಸೂಕ್ತ ಮೋಡ ಇದ್ದಾಗ ಮಾತ್ರ.

ಯಸೋಥೋನ್‌ನಲ್ಲಿ ಚೀಟಿ ಎತ್ತಲು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು ಅನ್ನುವುದು ನನ್ನ ಅಭಿಪ್ರಾಯ. ಥಾಯ್ಲೆಂಡಿಗೆ ಮುಂಗಾರು ಕಾಲಿಡುವುದು ಸಾಮಾನ್ಯವಾಗಿ ಮೇ ಮಧ್ಯದಲ್ಲಿ. ಹಬ್ಬ ಅದೇ ಹೊತ್ತಿಗಿದೆ, ಹಾಗಾಗಿ ಹೆಚ್ಚಿನ ವರ್ಷ ಫಯಾ ಥ್ಯಾನ್ ಮಾತು ಉಳಿಸಿಕೊಳ್ಳುತ್ತಾನೆ! ಬ್ಯಾಂಕಾಕಿಗೆ ದುಡಿಯಲು ಹೋದ ಮಕ್ಕಳು ಈ ನೆಪದಲ್ಲಿ ಊರಿಗೆ ಬರುತ್ತಾರೆ. ನಾಟಿಗೆ ಮುಂಚೆ ಊರು ಒಟ್ಟಾಗುತ್ತದೆ. ಮಳೆ ತರಿಸುವ ಯಂತ್ರವಾಗಿ ರಾಕೆಟ್ ಸೋತಿದೆ, ಕ್ಯಾಲೆಂಡರ್ ಆಗಿ ಚೆನ್ನಾಗಿ ಕೆಲಸ ಮಾಡುತ್ತಿದೆ.

ಈಗೀಗ ರಾಕೆಟ್ ಹಾರಿಸಲು ಅನುಮತಿ ಬೇಕು. ಹಬ್ಬದ ದಿನಗಳಲ್ಲಿ ಆ ಭಾಗದಲ್ಲಿ ಹಾರುವ ಪೈಲಟ್‌ಗಳಿಗೂ ಮುನ್ಸೂಚನೆ ಹೋಗುತ್ತದೆ, ಯಾಕೆಂದರೆ ದೊಡ್ಡ ರಾಕೆಟ್‌ಗಳು ಕಿಲೋಮೀಟರುಗಟ್ಟಲೆ ಮೇಲೇರುತ್ತವೆ. ನೋಡಲು ಹೋಗುವವರು ಗಾಳಿ ಬರುವ ದಿಕ್ಕಿಗೆ, ಅಟ್ಟಣಿಗೆಯಿಂದ ದೂರ ನಿಲ್ಲಿ. ಮುಂದಿನ ಸಾಲಿನ ಆಸೆ ಬೇಡ. ಮತ್ತೆ, ಹಬ್ಬದ ದಿನವೇ ಮಳೆ ಸುರಿದರೆ ರಾಕೆಟ್ ತಂಡದವರ ಮುಖ ನೋಡಿ. ಒದ್ದೆಯಾದ ಮದ್ದು ನೆಟ್ಟಗೆ ಉರಿಯುವುದಿಲ್ಲ. ಮಳೆಗಾಗಿ ತಿಂಗಳಿಡೀ ಮದ್ದು ಕುಟ್ಟಿದವರೇ ಟಾರ್ಪಾಲು ಹುಡುಕಿಕೊಂಡು ಓಡುತ್ತಾರೆ.