ಹದಿನೇಳು ಗಂಟೆಯ ಹಾರಾಟ ಮನೆ ಕಂಪ್ಯೂಟರ್‌ಗೆ ಬಂದ ದಾರಿ

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ 777-200ಎಲ್‌ಆರ್, ಉತ್ತರ ಧ್ರುವದ ಮೇಲೆ ಹಾದು 11ರ ನಸುಕಿನಲ್ಲಿ ಬೆಂಗಳೂರಿಗೆ ಇಳಿಯಿತು. ಎರಡು ಊರಿನ ನಡುವೆ ನೇರ ಲೆಕ್ಕದಲ್ಲೇ ಸುಮಾರು 14,000 ಕಿ.ಮೀ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಕಾಕ್‌ಪಿಟ್‌ನಲ್ಲಿದ್ದ ಉಳಿದವರೆಲ್ಲ ಮಹಿಳೆಯರೇ ಆಗಿದ್ದರಿಂದ ಪೇಪರ್‌ಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. ನಮ್ಮಂಥ ಫ್ಲೈಟ್ ಸಿಮ್ಯುಲೇಟರ್ (ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಪ್ರೋಗ್ರಾಂ) ಹುಚ್ಚಿನವರಿಗೆ ಅದರಲ್ಲಿ ಇನ್ನೊಂದು ಖುಷಿಯೂ ಇತ್ತು. ಅದೇ ಮಾಡೆಲ್ ವಿಮಾನ 2013ರಿಂದಲೇ ಮನೆ ಕಂಪ್ಯೂಟರ್‌ಗೆ ಸಿಗುತ್ತಿತ್ತು. ಅದೇ ದಾರಿಯಲ್ಲಿ ಅದನ್ನು ಹಾರಿಸಲೂಬಹುದಿತ್ತು, ಹದಿನೇಳು ಗಂಟೆ ಪುರುಸೊತ್ತಿದ್ದರೆ.

ಹೊರಗಿನವರಿಗೆ ಇದೊಂದು ವಿಡಿಯೋ ಗೇಮ್. ಗೇಮೇ ಹೌದು, ಆದರೆ ಇಲ್ಲಿ ಗೆಲ್ಲುವುದು, ಸೋಲುವುದು ಅಂತೇನೂ ಇಲ್ಲ. ಸಿಮ್ಯುಲೇಟರ್ ಜೊತೆಗೇ ಬರುವ ದೊಡ್ಡ ವಿಮಾನಗಳಲ್ಲಿ ಎಷ್ಟೋ ಸ್ವಿಚ್‌ಗಳು ಬರೀ ಚಿತ್ರ. ಹಾಗಾಗಿ ಬೇರೆ ಕಂಪನಿಗಳು ಒಂದೊಂದು ವಿಮಾನವನ್ನು ವರ್ಷಗಟ್ಟಲೆ ಕೂತು ಮಾಡಿ ಮಾರುತ್ತವೆ. ಅದೇ ಆಡ್‌ಆನ್. ಕೆಲವು ಸಲ ಇಡೀ ಸಿಮ್ಯುಲೇಟರ್‌ಗಿಂತ ಆ ಒಂದು ವಿಮಾನದ ಬೆಲೆಯೇ ಜಾಸ್ತಿ. ಇವುಗಳ ಕಥೆ ಹೇಳುವವರು ಸಾಮಾನ್ಯವಾಗಿ ಸ್ವಿಚ್ ಲೆಕ್ಕ ಹಾಕುತ್ತಾರೆ, ಯಾವುದರಲ್ಲಿ ಎಷ್ಟು ಬಟನ್ ನಿಜವಾಗಿ ಕೆಲಸ ಮಾಡುತ್ತವೆ ಅಂತ. ನನ್ನ ಪ್ರಕಾರ ಸ್ವಿಚ್‌ಗಳ ತೊಂದರೆ ಬೇಗ ಬಗೆಹರಿಯಿತು. ಕೊನೆಯವರೆಗೂ ಕಾಡಿದ್ದು ಹಾರಾಟದ ಗಂಟೆಗಳು.

ಶುರುವಿನಲ್ಲಿ ಗಂಟೆಗಳ ಪ್ರಶ್ನೆಯೇ ಇರಲಿಲ್ಲ. ಬ್ರೂಸ್ ಆರ್ಟ್‌ವಿಕ್ ಅವರ ಸಬ್‌ಲಾಜಿಕ್ ಕಂಪನಿ ಆಪಲ್ 2 ಕಂಪ್ಯೂಟರ್‌ಗೆ ಮಾಡಿದ ಸಿಮ್ಯುಲೇಟರ್‌ನಲ್ಲಿ ಬೆಟ್ಟವೂ ಗೆರೆ, ರನ್‌ವೇಯೂ ಗೆರೆ. 1982ರಲ್ಲಿ ಮೈಕ್ರೋಸಾಫ್ಟ್ ಹೆಸರಿನಲ್ಲಿ ಐಬಿಎಂ ಪಿಸಿಗೆ ಬಂದಾಗಲೂ ಇದ್ದದ್ದು ಒಂದು ಪುಟ್ಟ ಸೆಸ್ನಾ. ಶಿಕಾಗೋದ ಮೇಗ್ಸ್ ಫೀಲ್ಡ್‌ನಿಂದ ಎದ್ದು, ಊರು ಸುತ್ತಿ ಇಳಿಯುವುದು, ಅಷ್ಟೇ. ಮುಂದೆ ಫ್ಲೈಟ್ ಸಿಮ್ಯುಲೇಟರ್ 2000ದಲ್ಲಿ 777-300 ಮತ್ತು ಕಾನ್‌ಕಾರ್ಡ್ ಬಂದವು, 2002ರ ಆವೃತ್ತಿಯಲ್ಲಿ 747-400 ಬಂತು. ನೋಡಲು ಚೆನ್ನಾಗಿದ್ದವು. ಆದರೆ ದಾರಿಯನ್ನು ತುಂಬಿಸಿಕೊಂಡು ವಿಮಾನವನ್ನು ನಡೆಸುವ ಫ್ಲೈಟ್ ಮ್ಯಾನೇಜ್‌ಮೆಂಟ್ ಕಂಪ್ಯೂಟರ್ ಅವುಗಳಲ್ಲಿ ಕೆಲಸ ಮಾಡುತ್ತಿರಲಿಲ್ಲ. ಅದಿಲ್ಲದೆ ಸಾಗರ ದಾಟುವುದು ಅಂದರೆ ಸುಮ್ನೆ ಆಟೊಪೈಲಟ್ ಹಾಕಿ ನೀಲಿ ನೋಡುತ್ತಾ ಕೂರುವುದು.

ವಿಚಿತ್ರವೆಂದರೆ, ಒಳ್ಳೆಯ ಲಾಂಗ್ ಹಾಲ್ (ದೂರದ ಹಾರಾಟದ) ವಿಮಾನ ಅಷ್ಟು ಹೊತ್ತಿಗಾಗಲೇ ಬೇರೆ ಕಡೆ ತಯಾರಾಗಿತ್ತು. 1990ರ ದಶಕದಲ್ಲೇ ಏರೋವಿಂಕ್ಸ್ ಎಂಬ ಜರ್ಮನಿಯ ಸಂಸ್ಥೆ ಡಾಸ್ ಕಂಪ್ಯೂಟರ್‌ಗೆ 747-400 ಒಂದನ್ನೇ ಹಿಡಿದು 'ಪ್ರಿಸಿಷನ್ ಸಿಮ್ಯುಲೇಟರ್' ಮಾಡಿತ್ತು. ಕಿಟಕಿಯಾಚೆ ಹೆಚ್ಚೇನೂ ಕಾಣುತ್ತಿರಲಿಲ್ಲ. ಆದರೆ ಇಂಧನ, ಹೈಡ್ರಾಲಿಕ್ಸ್, ಕರೆಂಟು, ಎಲ್ಲ ಒಂದಕ್ಕೊಂದು ಸೇರಿಕೊಂಡು ನಿಜವಾದ ವಿಮಾನದಂತೆಯೇ ನಡೆಯುತ್ತಿದ್ದವು. ನಿಜವಾದ 747 ಪೈಲಟ್‌ಗಳೂ ಪರೀಕ್ಷೆಗೆ ಮುಂಚೆ ಅದರಲ್ಲಿ ಕೈ ಪಳಗಿಸಿಕೊಳ್ಳುತ್ತಿದ್ದರು.

ಚೆಂದದ ಕಿಟಕಿ ಮತ್ತು ನಿಜವಾದ ಒಳಭಾಗ, ಎರಡೂ ಒಂದೇ ಕಡೆ ಸೇರಿದ್ದು 2003ರ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ. ಲೆವೆಲ್-ಡಿ ಅವರ 767, ಪಿಎಂಡಿಜಿಯವರ 747-400 ಅದಕ್ಕೆಂದೇ ಬಂದವು. ಪಿಎಂಡಿಜಿ ಅಂದರೆ ಪ್ರಿಸಿಷನ್ ಮ್ಯಾನ್ಯುಯಲ್ಸ್ ಡೆವಲಪ್‌ಮೆಂಟ್ ಗ್ರೂಪ್. ಹೆಸರೇ ಹೇಳುವಂತೆ ಅವರು ಶುರು ಮಾಡಿದ್ದು ಕೈಪಿಡಿಗಳಿಂದ. ಅವರ 777-200ಎಲ್‌ಆರ್ ಬಂದದ್ದು 2013ರಲ್ಲಿ, 2006ರ ಮೈಕ್ರೋಸಾಫ್ಟ್ ಸಿಮ್ಯುಲೇಟರ್ ಆದ ಎಫ್‌ಎಸ್‌ಎಕ್ಸ್‌ಗೆ. ಮೈಕ್ರೋಸಾಫ್ಟ್ ತನ್ನ ಸಿಮ್ಯುಲೇಟರ್ ತಂಡವನ್ನೇ 2009ರಲ್ಲಿ ಮುಚ್ಚಿತ್ತು. ತಾಯಿ ಕಂಪನಿ ಕೈಬಿಟ್ಟ ಮೇಲೂ ಅದರ ಮೇಲೆ ಇಂಥ ವಿಮಾನ ಕಟ್ಟಿದರು, ಮೆಚ್ಚಲೇಬೇಕು.

ಈ ವಿಮಾನದ ಆಳ ಮೊದಲ ಒಂದು ಗಂಟೆಯಲ್ಲಿ ಗೊತ್ತಾಗುವುದೇ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋ-ಬೆಂಗಳೂರನ್ನೇ ತೆಗೆದುಕೊಳ್ಳಿ. ಎಲ್‌ಆರ್ ಗರಿಷ್ಠ 347 ಟನ್ ತೂಕದಲ್ಲಿ ಏಳಬಹುದು. ಅಷ್ಟು ಭಾರ ಹೊತ್ತಾಗ ಒಮ್ಮೆಲೇ ಮೇಲಕ್ಕೆ ಹೋಗಲು ಆಗುವುದಿಲ್ಲ. ಇಂಧನ ಸುಟ್ಟು ಹಗುರಾದಂತೆ ಗಂಟೆಗಳ ಅಂತರದಲ್ಲಿ ಎರಡೆರಡು ಸಾವಿರ ಅಡಿ ಹತ್ತಬೇಕು. ಧ್ರುವದ ಹತ್ತಿರ ಕಂಪಾಸ್ ನಂಬುವಂತಿಲ್ಲ. 82 ಡಿಗ್ರಿ ಉತ್ತರ ದಾಟಿದ ಮೇಲೆ ಡಿಸ್‌ಪ್ಲೇ ತಾನಾಗಿಯೇ ನಿಜ ಉತ್ತರಕ್ಕೆ ಬದಲಾಗುತ್ತದೆ. ಅದಕ್ಕಿಂತ ಮಜಾ ಇರುವುದು ಇಂಧನದ ತಾಪಮಾನದಲ್ಲಿ. ಅಮೆರಿಕದಲ್ಲಿ ತುಂಬಿಸುವ ಜೆಟ್-ಎ ಇಂಧನದ ಘನೀಭವನ ಬಿಂದು ಮೈನಸ್ 40 ಡಿಗ್ರಿ. ಹೊರಗಿನ ಗಾಳಿ ಮೈನಸ್ 60ಕ್ಕೂ ಇಳಿಯಬಹುದು. ರೆಕ್ಕೆಯೊಳಗಿನ ಇಂಧನ ನಿಧಾನವಾಗಿ ತಣ್ಣಗಾಗುತ್ತಾ ಹೋಗುತ್ತದೆ. ಮೈನಸ್ 37ರ ಹತ್ತಿರ ಬಂತೆಂದರೆ 'ಫ್ಯೂಯಲ್ ಟೆಂಪ್ ಲೋ' ಎಂಬ ಎಚ್ಚರಿಕೆ. ಆಗ ವೇಗ ಹೆಚ್ಚಿಸಬೇಕು, ಇಲ್ಲ ಬೆಚ್ಚನೆಯ ಗಾಳಿ ಹುಡುಕಿ ಕೆಳಗಿಳಿಯಬೇಕು. ಬೆಂಗಳೂರಿನಿಂದ ಮುಂಬೈಗೆ ಹಾರಿಸಿದರೆ ಈ ಎಚ್ಚರಿಕೆ ಜನ್ಮದಲ್ಲಿ ಕಾಣುವುದಿಲ್ಲ. ಗಂಟೆಗಟ್ಟಲೆ ಕೂತವನಿಗೆ ಮಾತ್ರ ತೆರೆಯುವ ಬಾಗಿಲುಗಳು ಇವು.

ಆದರೆ ಹಾಗೆ ಕೂತವನಿಗೇ ಏಟು ಬೀಳುತ್ತಿತ್ತು. ಎಫ್‌ಎಸ್‌ಎಕ್ಸ್ 32 ಬಿಟ್ ಪ್ರೋಗ್ರಾಂ. ಕಂಪ್ಯೂಟರ್‌ನಲ್ಲಿ ಎಷ್ಟೇ ರ‍್ಯಾಮ್ ಇರಲಿ, ಅದಕ್ಕೆ ಸಿಗುವ ಮೆಮೊರಿ ಜಾಗ ಹೆಚ್ಚೆಂದರೆ 4 ಜಿಬಿ. 777 ಒಂದೇ ಅದರಲ್ಲಿ ದೊಡ್ಡ ಪಾಲು ತಿನ್ನುತ್ತಿತ್ತು. ಹೊರಟ ಊರಿನ ವಿಮಾನ ನಿಲ್ದಾಣ, ದಾರಿಯ ನೆಲ, ಮೋಡ, ಒಂದೊಂದೇ ಸೇರುತ್ತಾ ಹೋಗುತ್ತಿದ್ದವು. ಬಳಸಿ ಮುಗಿದ ಜಾಗ ಪೂರ್ತಿ ತೆರವಾಗುತ್ತಿರಲಿಲ್ಲ. ಹತ್ತು ಹನ್ನೆರಡು ಗಂಟೆ ಹಾರಿ, ಲಂಡನ್ ಹೀಥ್ರೋದಂಥ ಭಾರೀ ನಿಲ್ದಾಣ ಲೋಡ್ ಆಗುವ ಹೊತ್ತಿಗೆ ಟಿಂಗ್ ಟಿಂಗ್ ಎಂದು ಗಂಟೆ ಹೊಡೆಯುತ್ತಿತ್ತು. ಮೆಮೊರಿ ಮುಗಿಯುತ್ತಿದೆ ಎಂಬ ಸೂಚನೆ. ಒಂದೆರಡು ನಿಮಿಷದಲ್ಲಿ 'ಔಟ್ ಆಫ್ ಮೆಮೊರಿ', ಆಟ ಬಂದ್. ಅದೂ ಹೆಚ್ಚಾಗಿ ಲ್ಯಾಂಡಿಂಗ್ ಹೊತ್ತಿಗೆ. ಹೊಟ್ಟೆ ಉರಿಯದೆ ಇರುತ್ತದಾ? ಹಾಗಾಗಿ ಜನ ಅರ್ಧ ದಾರಿಯಲ್ಲಿ ಸೇವ್ ಮಾಡಿ, ಆಟ ಮುಚ್ಚಿ, ಮತ್ತೆ ತೆರೆಯುವ ಅಭ್ಯಾಸ ಮಾಡಿಕೊಂಡರು. ಮರ, ಮನೆ, ರಸ್ತೆಯ ಕಾರುಗಳನ್ನೆಲ್ಲ ಕಡಿಮೆ ಮಾಡಿದರು. 2017ರಲ್ಲಿ ಲಾಕ್‌ಹೀಡ್ ಮಾರ್ಟಿನ್‌ನ ಪ್ರೀಪೇರ್‌3ಡಿ ಎಂಬ ಸಿಮ್ಯುಲೇಟರ್‌ನ ನಾಲ್ಕನೇ ಆವೃತ್ತಿ, ಹೆಚ್ಚು ಮೆಮೊರಿ ಬಳಸಬಲ್ಲ 64 ಬಿಟ್ ಆದಮೇಲೆ ಈ ಕಾಟ ನಿಂತಿತು. ಎಕ್ಸ್‌-ಪ್ಲೇನ್ ಎಂಬ ಇನ್ನೊಂದು ಸಿಮ್ಯುಲೇಟರ್ ಅದಕ್ಕೂ ಮುಂಚೆಯೇ 64 ಬಿಟ್‌ಗೆ ಹೋಗಿತ್ತು.

ಮೆಮೊರಿ ಸರಿಹೋಯಿತು, ಮನುಷ್ಯನ ಸಮಯ? ಸಿಮ್ಯುಲೇಟರ್‌ನಲ್ಲಿ ಕಾಲವನ್ನು ನಾಲ್ಕು ಪಟ್ಟು, ಎಂಟು ಪಟ್ಟು ಓಡಿಸಬಹುದು. ಆದರೆ ಆಗ ಭಾರದ ವಿಮಾನದ ಆಟೊಪೈಲಟ್ ತೂರಾಡುತ್ತದೆ. ಇದಕ್ಕೆ ತಯಾರಕರೇ ಉಪಾಯ ಕೊಟ್ಟರು. ಕೆಳಗಿಳಿಯಲು ಶುರು ಮಾಡಬೇಕಾದ ಜಾಗ ಬಂದ ತಕ್ಷಣ ವಿಮಾನ ತಾನೇ ನಿಂತು (ಪಾಜ್ ಆಗಿ) ಕಾಯುತ್ತದೆ. ರಾತ್ರಿ ಊಟ ಮುಗಿಸಿ ಟೇಕಾಫ್, ಮಲಗಿ ಎದ್ದು, ಕಾಫಿ ಕುಡಿದು ಲ್ಯಾಂಡಿಂಗ್. ಕಟ್ಟಾ ಜನ ಇದನ್ನು ಮೋಸ ಅನ್ನುತ್ತಾರೆ. ನನಗೆ ಹಾಗೇನೂ ಅನ್ನಿಸುವುದಿಲ್ಲ. ನಿಜವಾದ ವಿಮಾನದಲ್ಲೂ ಇಷ್ಟು ದೂರಕ್ಕೆ ನಾಲ್ಕು ಪೈಲಟ್‌ಗಳಿರುತ್ತಾರೆ, ಸರದಿಯಲ್ಲಿ ಮಲಗುತ್ತಾರೆ, ಅಲ್ವಾ?

ವ್ಯಾಟ್‌ಸಿಮ್‌ನಲ್ಲಿ ಮಾತ್ರ ಈ ನಿದ್ದೆ ನಡೆಯುವುದಿಲ್ಲ. 2001ರಲ್ಲಿ ಶುರುವಾದ ಈ ಆನ್‌ಲೈನ್ ಜಾಲದಲ್ಲಿ ನಮ್ಮಂಥವರೇ ವಿಮಾನ ಸಂಚಾರದ ಕಂಟ್ರೋಲರ್‌ಗಳಾಗಿ ಕೂತು ರೇಡಿಯೋದಲ್ಲಿ ಮಾತಾಡುತ್ತಾರೆ. ಅರ್ಧ ಗಂಟೆಗಿಂತ ಹೆಚ್ಚು ವಿಮಾನ ಬಿಟ್ಟು ಎದ್ದು ಹೋಗಬಾರದು ಅಂತ ಅಲ್ಲಿ ನಿಯಮವೇ ಇದೆ. ಅವರ 'ಕ್ರಾಸ್ ದ ಪಾಂಡ್' ದಿನ ನೂರಾರು ಜನ ಒಟ್ಟಿಗೆ ಅಟ್ಲಾಂಟಿಕ್ ದಾಟುತ್ತಾರೆ. ಟ್ಯಾಕ್ಸಿವೇಯಲ್ಲೇ ಗಂಟೆ ಕಳೆದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಜೊತೆಗೆ ಜನ ಇರುತ್ತಾರಲ್ಲ.

2020ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ವಾಪಸ್ ಬಂತು. ಉಪಗ್ರಹ ಚಿತ್ರಗಳಿಂದ ಮಾಡಿದ ನೆಲ ಇಂಟರ್ನೆಟ್ ಮೂಲಕ ಹರಿದು ಬರುತ್ತದೆ. ಕಿಟಕಿ ಇಷ್ಟು ಚೆಂದ ಯಾವತ್ತೂ ಇರಲಿಲ್ಲ. ಒಳಗೆ ಮಾತ್ರ ಮತ್ತೆ ಮೊದಲಿನಿಂದ ಶುರು. ಪಿಎಂಡಿಜಿಯ 777-300ಇಆರ್ ಅದಕ್ಕೆ ಬರಲು 2024ರ ಜೂನ್ ಆಯಿತು. 2024ರ ಹೊಸ ಸಿಮ್ಯುಲೇಟರ್ ಅಂತೂ ಇನ್ನೂ ಹೆಚ್ಚು ಭಾಗವನ್ನು ಸರ್ವರ್‌ನಿಂದಲೇ ತರಿಸಿಕೊಳ್ಳುತ್ತದೆ. ಹಾಗಾಗಿ ಈಗ 4 ಜಿಬಿಯ ಭಯವಿಲ್ಲ, ನೆಟ್ ಮತ್ತು ಕರೆಂಟಿನ ಭಯ ಇದೆ. ಬೆಂಗಳೂರಿನಲ್ಲಿ ಕೂತು ಲಾಂಗ್ ಹಾಲ್ ಶುರು ಮಾಡುವ ಹೊಸಬರು ಏನು ಕೊಳ್ಳಬೇಕು ಅಂತ ಕೇಳಿದರೆ ನಾನು ಜಾಯ್‌ಸ್ಟಿಕ್‌ಗಿಂತ ಮುಂಚೆ ಯುಪಿಎಸ್ ಹೆಸರು ಹೇಳುತ್ತೇನೆ. ಒಂದು ಕಂಪ್ಯೂಟರ್‌ಗೆ, ಇನ್ನೊಂದು ರೂಟರ್‌ಗೆ.